ಇಟಲಿ ಕಾರಿನ ತಗಡಿನ ಮೇಲೊಂದು ಹೂವು

ನಮ್ಮ ಭಾವ ಯೋಗೇಂದ್ರ ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರುವುದಿಲ್ಲ, ಕನ್ನಡಕ ಇರುವುದಿಲ್ಲ. ಕರವಸ್ತ್ರದಲ್ಲಿ ಸುತ್ತಿದ ಒಂದು ಅಯಸ್ಕಾಂತ ಇರುತ್ತದೆ. ಹಳೆಯ ಕಾರಿನ ಮೈಗೆ ಅದನ್ನು ಹಿಡಿದರೆ ಕಬ್ಬಿಣ ಇದ್ದಲ್ಲಿ ಅಂಟುತ್ತದೆ, ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಲ್ಲಿ ಜಾರಿ ಬೀಳುತ್ತದೆ. ಬಿದ್ದಾಗ ಭಾವನ ಮುಖ ನೋಡಬೇಕು, ಏನು ಕಳೆ! ಅಂಟಿದಾಗ ಅಷ್ಟು ಅರಳುವುದಿಲ್ಲ.

ಮೈಸೂರಿನ ಕೆಸರೆಯಲ್ಲಿರುವ ಮನೆಯ ಪಕ್ಕದ ಶೆಡ್ಡಿನಲ್ಲಿ ಅವರದೇ ಒಂದು ಕೆಂಪು ಆಲ್ಫಾ ರೋಮಿಯೋ ಇದೆ. ಇಟಲಿಯ ಕಾರು, ಎರಡೇ ಸೀಟು. ಅವರ ತಂದೆ ಹುಚ್ಚಣ್ಣನವರು ಕಾಫಿ ತೋಟದ ಧಣಿಯೊಬ್ಬರ ಬಳಿ ಡ್ರೈವರ್ ಆಗಿದ್ದರು. ಧಣಿ ಊರು ಬಿಡುವಾಗ ಕಾರನ್ನು ಇವರಿಗೇ ಕೊಟ್ಟು ಹೋದರು. ಹುಚ್ಚಣ್ಣನವರು ಅದರಲ್ಲಿ ಮಾರ್ಕೆಟ್ಟಿನಿಂದ ತೆಂಗಿನಕಾಯಿ ತಂದರು, ಬಾಳೆಗೊನೆ ತಂದರು, ನನ್ನ ಅಕ್ಕ ಭಾಗ್ಯಮ್ಮನನ್ನು ಮನೆ ತುಂಬಿಸಿಕೊಂಡದ್ದೂ ಅದರಲ್ಲೇ. ಭಾವ ಮಾತ್ರ ಅದರಲ್ಲಿ ಎಲ್ಲಿಗೂ ಹೋಗುವುದಿಲ್ಲ. ಅದರ ಸುತ್ತ ತಿರುಗುತ್ತಾರೆ, ಅಷ್ಟೆ.

ಮಂಡಿ ಮೊಹಲ್ಲಾದಲ್ಲಿ ಮೋಟಾರು ಬಿಡಿಭಾಗದ ಅಂಗಡಿ ಅವರದು. ಇಟಲಿ ಕಾರು ಇಟ್ಟುಕೊಂಡವರು ಎಂಬ ಒಂದೇ ಕಾರಣಕ್ಕೆ ಮೈಸೂರು, ಕೊಡಗು, ಊಟಿ ಕಡೆ ಯಾರ ಶೆಡ್ಡಿನಲ್ಲಿ ಅಂಥದೊಂದು ಕಾರು ಕಂಡರೂ ಅಸಲಿಯೋ ನಕಲಿಯೋ ಎಂದು ಹೇಳಲು ಇವರನ್ನೇ ಕರೆಯುತ್ತಿದ್ದರು. ಎಂಜಿನ್ ನಂಬರ್ ಏನು, ಚಾಸಿಸ್ ನಂಬರ್ ಏನು, ಯಾರ ಕೈಯಿಂದ ಯಾರ ಕೈಗೆ ಬಂತು, ಮಧ್ಯೆ ಯಾರು ರಿಪೇರಿ ಮಾಡಿಸಿದರು, ಎಲ್ಲವನ್ನೂ ಕೆದಕುತ್ತಿದ್ದರು. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಾಗಲೂ ಅಷ್ಟು ಕೇಳುವುದಿಲ್ಲ. ಎಲ್ಲಾದರೂ ಒಂದು ಬದಲಾದ ಬೋಲ್ಟು ಕಂಡಿತೋ, ತೀರ್ಪು ಸಿದ್ಧ: “ಮುಟ್ಟುದ್ ಮೇಲೆ ಮುಗೀತು ಕಣ್ರೀ.”

ಈ ಮಾತಿಗೆ ಬಲಿಯಾದವನು ಚಂದ್ರು. ರಾಜೀವನಗರದವನು, ಬೇಕರಿ ಇಟ್ಟುಕೊಂಡಿದ್ದಾನೆ. ತೀರಿಹೋದ ಅವನ ಅಪ್ಪ ಎರಡು ಬಾಗಿಲಿನ ಒಂದು ಹಳೆಯ ಇಟಲಿ ಫಿಯೆಟ್ಟನ್ನು ಮುದ್ದಿನಿಂದ ಸಾಕಿದ್ದರು. ಅದನ್ನು ಹಳೇ ಕಾರುಗಳ ಮೆರವಣಿಗೆಯಲ್ಲಿ ಒಂದು ಸಲ ಓಡಿಸಬೇಕೆಂದು ಚಂದ್ರುವಿಗೆ ಆಸೆ. ಅದಕ್ಕೆ ಕಾರು ಅಸಲಿ ಎಂದು ಬಲ್ಲವರೊಬ್ಬರ ಚೀಟಿ ಬೇಕಿತ್ತು. ಭಾವ ಹೋಗಿ ಅಯಸ್ಕಾಂತ ಹಿಡಿದರು. ಎಲ್ಲ ಕಡೆ ಅಂಟಿತು. ಎಡಗಡೆಯ ಬಾಗಿಲಿನ ಮೇಲೆ ಮಾತ್ರ ಜಾರಿ ಬಿತ್ತು. ಅಪ್ಪ ಯಾವಾಗಲೋ ಗುದ್ದಿಸಿಕೊಂಡು ಬೇರೆ ಬಾಗಿಲು ಹಾಕಿಸಿ ಪುಟ್ಟಿ ಮೆತ್ತಿಸಿದ್ದರಂತೆ. ಬಾಗಿಲು ಬದಲಾಗಿದೆ, ಉಳಿದದ್ದೆಲ್ಲ ಸರಿಯಾಗಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡಿ ಸಾರ್ ಎಂದು ಚಂದ್ರು ಕೈಮುಗಿದು ಕೇಳಿದ. ಭಾವ ಅದೇ ಮಂತ್ರ ಹೇಳಿ ಸ್ಕೂಟರ್ ಏರಿದರು. ನಕಲಿ ಎನಿಸಿಕೊಂಡ ಕಾರು ಕಣ್ಣಿಗೆ ಬಿದ್ದಾಗಲೆಲ್ಲ ಸಂಕಟವಾಗುತ್ತದೆ ಎಂದು ಅವನು ಅದನ್ನು ಗುಜರಿಗೆ ಹಾಕಿಬಿಟ್ಟ. ಆ ದಿನ ನನಗೆ ಭಾವನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಭಾವನಿಗೆ ಮಾತ್ರ ಧರ್ಮ ಕಾಪಾಡಿದಷ್ಟು ಸಮಾಧಾನ.

ಹೀಗಿರುವಾಗ ಬೆಂಗಳೂರಿನ ಹಳೇ ಕಾರುಗಳ ಸಂಘದವರು ಈ ಕಡೆಗೆಲ್ಲ ಅಧಿಕೃತ ಪರೀಕ್ಷಕರೊಬ್ಬರನ್ನು ನೇಮಿಸುತ್ತೇವೆ ಎಂದರು. ಭಾವನೇ ಆಗಬಹುದು, ಆದರೆ ಮೊದಲು ಅವರ ಸ್ವಂತ ಕಾರು ಅಸಲಿ ಎಂದು ಪಾಸಾಗಬೇಕು. ನೋಡಲು ಗಾರ್ಗಿ ಎಂಬವರು ಬರುತ್ತಾರೆ. ಭಾವನಿಗೆ ಅನ್ನ ಸೇರದಾಯಿತು. ಈ ಪದವಿ ತಪ್ಪಿದರೆ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ ಎಂದು ಅವರೇ ಬಾಯಿಬಿಟ್ಟು ಹೇಳಿದರು.

ಕಾರು ಅಸಲಿಯೇ. ತೊಂದರೆ ಇದ್ದದ್ದು ಎಂಜಿನ್ ಪಕ್ಕದಲ್ಲಿ ಕಂಪನಿಯವರು ಕೂರಿಸಿದ್ದ ನಂಬರ್ ತಗಡಿನಲ್ಲಿ. ಆಯುಧಪೂಜೆ ಬಂತೆಂದರೆ ಆ ತಗಡು ದೇವರ ದೀಪದ ಹಾಗೆ ಹೊಳೆಯಬೇಕು ಎಂಬುದು ಭಾವನ ಕಟ್ಟಪ್ಪಣೆ. ಮೊದಲು ಅವರ ತಾಯಿ ಸುಮಿತ್ರಮ್ಮ, ಆಮೇಲೆ ನಮ್ಮಕ್ಕ, ವರ್ಷಾವರ್ಷ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ದೇವರ ಸಾಮಾನು ಉಜ್ಜಿದ ಕೈಯಲ್ಲೇ ಅದನ್ನೂ ಉಜ್ಜಿದರು. ಉಜ್ಜಿದ ಮೇಲೆ ಕುಂಕುಮ, ಚೆಂಡುಹೂವು. ಈಗ ಭಾವ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ತಗಡಿನಲ್ಲಿ ಅವರ ಮುಖವೇ ಕಾಣುತ್ತಿತ್ತು. ನಂಬರ್ ಇರಲಿಲ್ಲ.

ಸವೆದುಹೋಗಿದೆ ಎಂದು ಇದ್ದದ್ದನ್ನು ಹೇಳಿಬಿಡಿ ಎಂದಳು ಅಕ್ಕ. ಬೋಳು ತಗಡು ತೋರಿಸಿ ಮಾನ ಕಳೆದುಕೊಳ್ಳಲೇ ಎಂದು ಭಾವ ರೇಗಿದರು. ಅವತ್ತೇ ಮಂಡಿ ಮೊಹಲ್ಲಾದ ಪಾತ್ರೆ ಅಂಗಡಿಯ ಮಹಾಂತೇಶನನ್ನು ಶೆಡ್ಡಿಗೆ ಕರೆಸಿದರು. ಸ್ಟೀಲ್ ಪಾತ್ರೆ ಕೊಂಡವರಿಗೆ ಗೊರ್ರೆನ್ನುವ ಮಿಷನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಕೊಡುವವನು ಅವನು. ಆರ್‌ಸಿ ನೋಡಿ ತಗಡಿನ ಮೇಲೆ ನಂಬರ್ ಕೆತ್ತಿದ. ಕೈ ಅಭ್ಯಾಸ, ಕೊನೆಗೆ ಚುಕ್ಕಿಗಳದೇ ಒಂದು ಪುಟ್ಟ ಹೂವನ್ನೂ ಇಟ್ಟ. ನಾನು ಪಕ್ಕದಲ್ಲೇ ನಿಂತಿದ್ದೆ. ಇನಿಷಿಯಲ್ ಬೇಡವಾ ಎಂದೂ ಕೇಳಿದ, ಪುಣ್ಯಾತ್ಮ.

ಭಾವ ಹೂವನ್ನು ನೋಡಿ ಕೊಂಚ ಗಾಬರಿಯಾದರು. ಆಮೇಲೆ ಅದೂ ಚೆನ್ನಾಗಿಯೇ ಇದೆ ಎಂದರು.

ಗಾರ್ಗಿ ಬಂದರು. ಗಟ್ಟಿ ಹೆಂಗಸು, ಮಾತು ಕಡಿಮೆ. ಕಾರಿನ ಕೆಳಗೆ ಮಲಗಿ ಚಾಸಿಸ್ಸಿನ ಕಬ್ಬಿಣದ ಮೇಲೆ ಒತ್ತಿದ್ದ ನಂಬರನ್ನು ಓದಿದರು, ಸರಿಯಿತ್ತು. ಎಂಜಿನ್ ನಂಬರ್ ಸರಿಯಿತ್ತು. ಹುಚ್ಚಣ್ಣನವರು ಧಣಿಯ ಜೊತೆ ಕಾರಿನ ಮುಂದೆ ನಿಂತ ಫೋಟೋ ನೋಡಿ ಅವರಿಗೆ ಖುಷಿಯೂ ಆಯಿತು. ಭಾವ ಆಗಲೇ ಎದೆ ಸೆಟೆಸಿದ್ದರು. ಅಷ್ಟರಲ್ಲಿ ಆಕೆ ತಗಡಿನ ಹತ್ತಿರ ಬಗ್ಗಿ, ಈ ಹೂವು ಏನೆಂದು ಕೇಳಿದರು.

“ಕಂಪನಿ ಗುರುತು ಮೇಡಂ. ಇಟಲಿಯೋರಿಗೆ ಕಲೆ ಮೇಲೆ ಪ್ರೀತಿ ಜಾಸ್ತಿ,” ಎಂದರು ಭಾವ.

ನಾನು ನಗು ತಡೆಯಲು ಶೆಡ್ಡಿನ ಸೂರು ನೋಡತೊಡಗಿದೆ. ಆಗಲೇ ಅಕ್ಕ ಕಾಫಿ ತಂದಳು. ಗೃಹಪ್ರವೇಶಕ್ಕೆ ಮಾಡಿಸಿದ್ದ ಸ್ಟೀಲ್ ಲೋಟಗಳು, ಒಂದೊಂದರ ಮೇಲೂ ‘ಯೋಗೇಂದ್ರ – ಭಾಗ್ಯಮ್ಮ’, ಪಕ್ಕದಲ್ಲಿ ಚುಕ್ಕಿಯ ಹೂವು. ಗಾರ್ಗಿ ಒಂದು ಗುಟುಕು ಕುಡಿದು ಲೋಟ ತಿರುಗಿಸಿದರು. ಎದ್ದು ಹೋಗಿ ಲೋಟವನ್ನು ತಗಡಿನ ಪಕ್ಕ ಹಿಡಿದರು. ಕಾಫಿ ಪೂರ್ತಿ ಕುಡಿದ ಮೇಲೆಯೇ ಮಾತಾಡಿದರು.

“ತಗಡು ಸವೆದಿದ್ರೆ ಸವೆದಿದೆ ಅಂತ ಬರೀತಿದ್ದೆ, ಕಾರು ಪಾಸಾಗ್ತಿತ್ತು. ನೀವು ಹೊಸದಾಗಿ ಕೆತ್ತಿಸಿ ಕಂಪನಿದು ಅಂದ್ರಿ. ಇನ್ನು ಬೇರೆಯವರ ಕಾರಿಗೆ ನಿಮ್ಮ ಮಾತು ನಾನು ಹೇಗೆ ನಂಬಲಿ?”

ಅವರ ಜೀಪು ತಿರುವು ದಾಟಿತು. ಆ ಲೋಟಗಳನ್ನೆಲ್ಲ ಅಟ್ಟಕ್ಕೆ ಹಾಕು ಎಂದು ಭಾವ ಅಕ್ಕನ ಮೇಲೆ ಹರಿಹಾಯ್ದರು. ಲೋಟ ಏನು ಮಾಡಿತ್ತು ಪಾಪ! ಅಕ್ಕ ಅವುಗಳನ್ನು ತಟ್ಟೆಗೆ ಜೋಡಿಸುತ್ತ ಮೆಲ್ಲಗೆ ಹೇಳಿದಳು: “ಚಂದ್ರುನೂ ಇದನ್ನೇ ಅಲ್ವಾ ಕೇಳಿದ್ದು? ಇದ್ದದ್ದ ಇದ್ದಂಗೆ ಬರ್ಕೊಡಿ ಅಂತ. ಆ ಕಾರು ಇನ್ನೂ ಗುಜರೀಲಿ ಐತಾ ನೋಡ್ಕಂಡ್ ಬನ್ನಿ, ಓಗಿ.”

ಭಾವ ಹೋಗುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೊರಟರು. ಗುಜರಿ ಅಂಗಡಿಯ ಜವರಪ್ಪ ಅವರನ್ನು ನೋಡಿದ್ದೇ ಎದ್ದು ಸ್ಟೂಲು ಒರೆಸಿದ. ಭಾವ ಕೂರಲಿಲ್ಲ. ಫಿಯೆಟ್ ಏನಾಯಿತು ಎಂದು ಕೇಳಿದರು.

“ಅದಾ? ಎಲ್ಲಾ ಬಿಚ್ಚಿ ಮಾರ್ಬುಟ್ಟೆ ಸಾ. ಪೂನಾದೋರು, ಕೊಚ್ಚಿಯೋರು ಬಂದು ಕಿತ್ತಾಡ್ಕಂಡು ಒಯ್ದ್ರು. ಅಸ್ಲಿ ಮಾಲು, ಎಲ್ಲಿ ನಿಲ್ತದೆ?” ಎಂದು ಜವರಪ್ಪ ಮೂಲೆಯತ್ತ ಕೈ ತೋರಿಸಿದ. “ಆ ಒಂದು ಬಾಗ್ಲು ಮಾತ್ರ ಉಳ್ಕಂಡದೆ. ಅದು ಡೂಪ್ಲಿಕೇಟು, ಯಾರೂ ಕೇಳಕಿಲ್ಲ.”

ಎಡಗಡೆಯ ಬಾಗಿಲು ಗೋಡೆಗೆ ಒರಗಿಕೊಂಡಿತ್ತು. ಭಾವನ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು, ಅಯಸ್ಕಾಂತವನ್ನು ಅಲ್ಲೇ ಬಿಟ್ಟು ಬರಿಗೈಯಾಗಿ ಹೊರಗೆ ಬಂತು. ಅದನ್ನು ಚಂದ್ರುವಿಗೆ ಕೊಟ್ಟರೆ ತೆಗೆದುಕೊಳ್ಳುತ್ತಾನಾ ಎಂದು ಅವರು ನನ್ನನ್ನು ಕೇಳಿದರು. ಕಾರೇ ಇಲ್ಲದೆ ಬರೀ ಬಾಗಿಲು ಇಟ್ಟುಕೊಂಡು ಅವನೇನು ಮಾಡುತ್ತಾನೆ ಭಾವ ಎಂದೆ.