ಮೊದಲ ದಿನದ ಬೊಗಸೆ

ಮೆಣಸಿನಕಾಯಿ ಡಬ್ಬಿಯ ಮುಚ್ಚಳ ತೆಗೆದರೆ ನಮ್ಮ ಮನೆಯಲ್ಲಿ ಮೊದಲು ಸೀನುವವಳು ನಾನೇ. ಬ್ಯಾಡಗಿಯಲ್ಲಿ ಹುಟ್ಟಿ, ಮೆಣಸಿನಕಾಯಿ ಚೀಲಗಳ ನಡುವೆ ಅಂಬೆಗಾಲಿಟ್ಟವಳು ಹೀಗೆ ಸೀನುವುದು ಮನೆತನಕ್ಕೇ ಕುಂದು ಎಂದು ನಮ್ಮ ಆಯಿ, ಅಂದರೆ ನನ್ನ ಅವ್ವನ ಅವ್ವ, ಹೇಳುತ್ತಿದ್ದಳು. ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನನ್ನ ಗುಣವೂ ಅದೇ ಎಂದು ಮನೆಯವರ ಅಂಬೋಣ. ಇರಲಿ.

ಮೊನ್ನೆ ಬೆಳಿಗ್ಗೆ ಎದುರು ಮನೆಯ ಸುಜಾತಾ ಒಂದು ಸಣ್ಣ ಬಟ್ಟಲು ಹಿಡಿದು ಅಡಿಗೆಮನೆ ಬಾಗಿಲಿಗೆ ಬಂದಳು. ಗಂಡನಿಗೆ ರಾಣೆಬೆನ್ನೂರಿಗೆ ವರ್ಗವಾಗಿ ಹಾಸನದ ಕಡೆಯಿಂದ ಬಂದವರು, ಇನ್ನೂ ತಿಂಗಳಾಗಿಲ್ಲ. ಸಾರಿಗೆ ನಾಲ್ಕು ಮೆಣಸಿನಕಾಯಿ ಬೇಕಿತ್ತಂತೆ. ನಾನು ಡಬ್ಬಿ ತೆಗೆದೆ, ಪದ್ಧತಿಯಂತೆ ಸೀನಿದೆ, ನಾಲ್ಕು ಕಾಯಿ ಎಣಿಸತೊಡಗಿದೆ. ಅಷ್ಟರಲ್ಲಿ ಅವಳ ಕಣ್ಣು ಕಟ್ಟೆಯ ಮೇಲಿದ್ದ ನನ್ನ ಫೋನಿನ ಮೇಲೆ ಬಿತ್ತು. ಅದರೊಳಗೆ ಹೆಗಲ ಮೇಲೆ ಕೊಡಲಿ ಹೊತ್ತ ಹೆಣ್ಣೊಬ್ಬಳು ಕೋಟೆ ಬಾಗಿಲಲ್ಲಿ ನಿಂತಿದ್ದಳು.

ಇದೇನೆಂದು ಅವಳು ಕೇಳಿದಳು. ಅದು ನಾನೇ ಎಂದೆ. ಎಲ್ಲೆಲ್ಲಿಯದೋ ಊರುಗಳ ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲೇ ಕುಳಿತು, ಒಂದೊಂದು ವೇಷ ತೊಟ್ಟು, ಒಂದೇ ಲೋಕದೊಳಗೆ ಓಡಾಡುವ ಆಟವಿದು, ಕಾಡು ಸುತ್ತುವುದು, ರಾಕ್ಷಸರನ್ನು ಹೊಡೆಯುವುದು, ಗುಂಪು ಕಟ್ಟಿಕೊಂಡು ಗುಹೆ ಹೊಗುವುದು ಎಂದು ವಿವರಿಸಿದೆ. ಐವತ್ತು ದಾಟಿದ ಹೆಂಗಸಿನ ಬಾಯಲ್ಲಿ ಇದನ್ನು ಕೇಳಿದವರು ಸಾಮಾನ್ಯವಾಗಿ ನಗುತ್ತಾರೆ. ಸುಜಾತಾ ನಗಲಿಲ್ಲ. ಫೋನಿನ ಕಡೆ ಬಗ್ಗಿ ನೋಡಿ, "ಗುರುತಿರೋರು ಯಾರೂ ಇಲ್ದೇ ಒಬ್ಳೇ ಹೋದ್ರೆ ಅಲ್ಲಿ ಮಜಾ ಇರುತ್ತಾ ಅಕ್ಕಾ?" ಎಂದಳು.

ಇದಕ್ಕೆ ಹೂಂ ಅಥವಾ ಉಹೂಂ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಆಯಿಗೆ ಅಪಮಾನ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕುಳಿತುಕೊಳ್ಳಿ.

ಕೆಲವು ವರ್ಷಗಳ ಹಿಂದೆ ನಾನು ಆಟೋದಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡೆ. ಆಟೋ ನಿಂತೇ ಇತ್ತು ಎಂಬ ಸಂಗತಿಯನ್ನು ನೀವು ಯಾರಿಗೂ ಹೇಳಬೇಡಿ. ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆ ಮಾಡುವ ಕೆಲಸ ನನ್ನದು. ದಿನವಿಡೀ ಹತ್ತು ಜನರೊಂದಿಗೆ ಮಾತಾಡಿಕೊಂಡಿದ್ದವಳು ಒಮ್ಮೆಲೇ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದೆ. ಮೊದಮೊದಲು ಬಾಳೆಹಣ್ಣು, ಬ್ರೆಡ್ಡು ಹಿಡಿದು ಬರುವವರಿಗೆ ಕುರ್ಚಿ ಸಾಲುತ್ತಿರಲಿಲ್ಲ. ಆಮೇಲೆ ಕುರ್ಚಿಗಳೇ ಉಳಿದವು. ಯಜಮಾನರು ಬೆಳಿಗ್ಗೆ ಅಂಗಡಿಗೆ ಹೋದರೆ ಸಂಜೆಯತನಕ ನಾನು, ಗೋಡೆ, ಫ್ಯಾನು. ಎಲ್ಲಾದರೂ ಒಂದು ಕಡೆ "ಬಂದ್ಯಾ?" ಎಂದು ಕೇಳುವವರು ಒಬ್ಬರು ಬೇಕೆನಿಸಿತ್ತು, ಅಷ್ಟೇ.

ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ಶೈಲಾ ಒಂದು ಭಾನುವಾರ ಬಂದವಳು ಈ ಆಟವನ್ನು ಫೋನಿಗೆ ಹಾಕಿಕೊಟ್ಟು, "ಅವ್ವಾ, ಮಾತಿಗೆ ಜನ ಸಿಗ್ತಾರ, ಆಡು" ಎಂದು ಹೋದಳು.

ಮೊದಲ ದಿನದ ಸುಖವನ್ನು ನಾನು ಮರೆಯಲಾರೆ. ಅಲ್ಲಿ ನನಗೆ ಎರಡು ಗಟ್ಟಿ ಕಾಲುಗಳಿದ್ದವು! ಮಂಚದ ಮೇಲೆ ಕಾಲು ದಿಂಬಿನ ಮೇಲಿಟ್ಟುಕೊಂಡೇ ಹುಲ್ಲುಗಾವಲಿನ ತುಂಬ ಓಡಿದೆ, ಹೊಳೆ ದಾಟಿದೆ, ಗುಡ್ಡ ಹತ್ತಿದೆ. ಇಷ್ಟರ ಮಟ್ಟಿಗೆ ಒಬ್ಬಳೇ ಹೋದರೂ ಮಜಾ ಇದೆ, ಸುಳ್ಳು ಹೇಳುವುದಿಲ್ಲ.

ಆದರೆ ಎಷ್ಟು ದಿನ ಓಡುತ್ತೀರಿ? ಕೋಟೆ ಬಾಗಿಲಲ್ಲಿ ಬಂದು ನಿಂತರೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಷ್ಟು ಗದ್ದಲ. ಮಿರಿಮಿರಿ ಮಿಂಚುವ ಕವಚದವರು, ಕುದುರೆ ಏರಿದವರು, ರೆಕ್ಕೆ ಕಟ್ಟಿಕೊಂಡವರು ಎಲ್ಲರೂ ತಂತಮ್ಮ ಬಸ್ಸು ತಪ್ಪುತ್ತದೆ ಎಂಬಂತೆ ನನ್ನ ಮೈಮೇಲೇ ಹಾದು ಹೋಗುವರು. ಒಮ್ಮೆ ಒಂದು ಗುಂಪಿನವರು ಗುಹೆಗೆ ಆಳು ಸಾಲದೆಂದು ನನ್ನನ್ನೂ ಸೇರಿಸಿಕೊಂಡರು. ನಾನೋ ಹಿರಿಯರ ಕೈಯಲ್ಲಿ ಮಾತು ಕಲಿತವಳು. ಯುದ್ಧಕ್ಕೆ ಮುಂಚೆ ಪರಿಚಯವಾಗಬೇಕಲ್ಲವೇ? ನನಗೆ ಬರುವಷ್ಟು ಹಿಂದಿಯಲ್ಲಿ ಯಾವ ಊರು, ಯಾರ ಪೈಕಿ, ಊಟವಾಯಿತೇ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತ ಬರೆಯತೊಡಗಿದೆ. ಅಷ್ಟರೊಳಗೆ ರಾಕ್ಷಸ ಬಂದು ಎಲ್ಲರನ್ನೂ ಬಡಿದುಹಾಕಿದ. ಅವರು ನನ್ನನ್ನು ಗುಂಪಿನಿಂದ ಹೊರಗೆ ದಬ್ಬಿದರು. ಆ ಆಟದಲ್ಲಿ ಸತ್ತವರು ಸ್ಮಶಾನದಿಂದ ತಮ್ಮ ಹೆಣದವರೆಗೆ ತಾವೇ ನಡೆದುಕೊಂಡು ಬರಬೇಕು. ಒಬ್ಬಳೇ ನಡೆದು ಬರುತ್ತ, ಇಲ್ಲಿಯೂ ನಾನು, ಗೋಡೆ, ಫ್ಯಾನೇ ಅಂದುಕೊಂಡೆ. ಭಾನುವಾರ ಶೈಲಾ ಬಂದರೆ ಇದನ್ನು ತೆಗೆಸಿಬಿಡುವುದೆಂದು ಗಟ್ಟಿ ಮಾಡಿದೆ.

ಆಗ ನೆನಪಾದವಳು ನೀಲವ್ವ.

ಆಯಿ ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಾಲಿ ಸೂಟಿಯಲ್ಲಿ ನಾನೂ ಅವಳ ಬೆನ್ನು ಹತ್ತುತ್ತಿದ್ದೆ. ಕೆಂಪು ರಾಶಿಯ ಸುತ್ತ ಹೆಂಗಸರು ಗುಂಡಾಗಿ ಕುಳಿತು, ಬಾಯಿಗೆ ಸೆರಗು ಕಟ್ಟಿ, ಸೆರಗಿನೊಳಗಿಂದಲೇ ಲೋಕದ ಸುದ್ದಿಯನ್ನೆಲ್ಲ ಬಿಡಿಸುತ್ತಿದ್ದರು. ಒಂದು ದಿನ ಮೇಡ್ಲೇರಿ ಕಡೆಯಿಂದ ಹೊಸದಾಗಿ ಊರಿಗೆ ಬಂದ ನೀಲವ್ವ ಎಂಬವಳು ಒಬ್ಬಳೇ ಬಂದು ಬಾಗಿಲ ಹತ್ತಿರ ಕುಳಿತಳು. ಅವಳಿಗೆ ಕೈ ಹರಿಯದು. ತೊಟ್ಟಿನ ಜೊತೆಗೆ ಕಾಯಿಯೂ ಮುರಿಯುತ್ತಿತ್ತು. ಕಣ್ಣು ಉಜ್ಜಿಕೊಂಡು ಇನ್ನಷ್ಟು ಉರಿ ಮಾಡಿಕೊಂಡಳು. ಸಂಜೆ ತಕ್ಕಡಿಯ ಮುಂದೆ ಅರೆಬುಟ್ಟಿ ಹಿಡಿದು ನಿಂತರೆ ಮರುದಿನ ಬರಬೇಡ ಅನ್ನಿಸಿಕೊಳ್ಳುವುದು ಖಂಡಿತವಿತ್ತು.

ಮಧ್ಯಾಹ್ನದ ಮೇಲೆ ನಮ್ಮ ಗುಂಪಿನ ಹೆಂಗಸರಿಗೆ ಎಂದಿಲ್ಲದ ನೀರಡಿಕೆ ಶುರುವಾಯಿತು. ನೀರಿನ ಹರವಿ ಇದ್ದದ್ದು ಬಾಗಿಲ ಪಕ್ಕದಲ್ಲಿ. ಒಬ್ಬಳು ಏಳುವಳು, ಹೋಗುವಾಗ ತನ್ನ ಬುಟ್ಟಿಯಿಂದ ಒಂದು ಬೊಗಸೆ ತೊಟ್ಟು ಬಿಡಿಸಿದ ಕಾಯಿ ಎತ್ತಿಕೊಳ್ಳುವಳು, ನೀಲವ್ವನ ಬುಟ್ಟಿಗೆ ಸುರಿದು, ಅವಳ ಮುಖ ನೋಡದೆ ನೀರು ಕುಡಿದು ಬರುವಳು. ಆಮೇಲೆ ಇನ್ನೊಬ್ಬಳು. ಆಮೇಲೆ ನಮ್ಮ ಆಯಿ. ಸಂಜೆಗೆ ನೀಲವ್ವನ ಬುಟ್ಟಿ ತುಂಬಿತ್ತು. ಅವಳು ತಬ್ಬಿಬ್ಬಾಗಿ ಆಯಿಯ ಹತ್ತಿರ ಬಂದು, "ಇದನ್ನ ಯಾರ ಹಾಕಿದ್ರಬೇ ಯವ್ವಾ?" ಎಂದು ಕೇಳಿದಳು.

"ಯಾರೂ ಹಾಕಿಲ್ಲವಾ. ನಾವು ನೀರು ಕುಡಿಯಾಕ ಎದ್ದಿದ್ವಿ," ಎಂದಳು ಆಯಿ, ಸೀರೆ ಝಾಡಿಸಿಕೊಳ್ಳುತ್ತ. "ನಾಳೆ ಹೊಸಬರು ಯಾರರ ಬಂದ್ರ ನೀನೂ ನೀರು ಕುಡಿಯಾಕ ಏಳು. ಮುಗೀತು."

ಗೋದಾಮಿಗೆ ಹೊಸದಾಗಿ ಬಂದವರಿಗೆಲ್ಲ ಈ ಮೊದಲ ದಿನದ ಬೊಗಸೆ ಇತ್ತು. ಯಾರು ಶುರುಮಾಡಿದ್ದೋ ಯಾರಿಗೂ ತಿಳಿಯದು.

ಮಂಚದ ಮೇಲೆ ಮಲಗಿ ಇದನ್ನು ನೆನೆದಾಗ ನನಗೆ ನನ್ನ ಮೇಲೇ ನಗು ಬಂತು. ಬಂದ್ಯಾ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆನಲ್ಲ, ಕೇಳುವುದನ್ನು ನಾನೇ ಶುರುಮಾಡಿದರೆ? ಬ್ಯಾಡಗಿಯ ಕೈ ನೋಡಿ, ಆಟದೊಳಗೂ ಕಂಡ ಗಿಡ ಕೀಳದೆ ಮುಂದೆ ಹೋದದ್ದೇ ಇಲ್ಲ. ನನ್ನ ಚೀಲದ ತುಂಬ ಗಾಯಕ್ಕೆ ಹಚ್ಚುವ ಸೊಪ್ಪು ತುಂಬಿತ್ತು. ಕೋಟೆ ಬಾಗಿಲಿಗೆ ಹೋಗಿ, ಮರದ ಕೋಲು ಹಿಡಿದು ತಬ್ಬಿಬ್ಬಾಗಿ ನಿಂತ ಹೊಸಬರಿಗೆಲ್ಲ ಒಂದೊಂದು ಹಿಡಿ ಕೊಡತೊಡಗಿದೆ.

ಮೊದಲು ಯಾರೂ ತೆಗೆದುಕೊಳ್ಳಲಿಲ್ಲ. ಬಿಟ್ಟಿ ಕೊಡುವವರನ್ನು ಜಗತ್ತು ನಂಬುವುದಿಲ್ಲ ನೋಡಿ. ಒಬ್ಬ ನನ್ನನ್ನು ಮೋಸಗಾತಿ ಎಂದ. ಇನ್ನೊಬ್ಬ ಸೊಪ್ಪಿನಲ್ಲಿ ವಿಷವಿದೆಯೇ ಎಂದು ವಿಚಾರಿಸಿದ. ಕಡೆಗೆ ಹಸಿರು ಟೊಪ್ಪಿಗೆಯವನೊಬ್ಬ ತೆಗೆದುಕೊಂಡು, ಬದಲಿಗೆ ಏನು ಕೊಡಬೇಕೆಂದು ಕೇಳಿದ. ನಮ್ಮ ಕಡೆ ಇದಕ್ಕೆ ಬೊಗಸೆ ಅನ್ನುತ್ತಾರೆ, ನಾಳೆ ಹೊಸಬರು ಬಂದರೆ ನೀನೂ ಕೊಡು ಎಂದು ಬರೆದೆ. ಮರುದಿನ ಹೋದರೆ ಅವನು ಬಾಗಿಲಿನ ಇನ್ನೊಂದು ಬದಿಯಲ್ಲಿ ನಿಂತಿದ್ದ. ನನ್ನನ್ನು ಕಂಡು, ಬಂದಿರಾ ಎಂದು ಕೇಳಿದ. ಭಾನುವಾರ ಶೈಲಾ ಬಂದಾಗ ಆಟ ತೆಗೆಸುವ ಮಾತನ್ನು ನಾನು ಎತ್ತಲೇ ಇಲ್ಲ.

ಪ್ಲಾಸ್ಟರ್ ಬಿಚ್ಚಿಸುವ ಹೊತ್ತಿಗೆ ನಾವು ಬಾಗಿಲಲ್ಲಿ ಹತ್ತಾರು ಜನವಾಗಿದ್ದೆವು. ಯಾರ ಹೆಸರೂ, ಊರೂ ನನಗೆ ಸರಿಯಾಗಿ ಗೊತ್ತಿಲ್ಲ. ಕನ್ನಡದ ಗಾಳಿಯೇ ತಾಗದವರು ಬೊಗಸೆ, ಬೊಗಸೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ನೋಡಿ ನಾನು ಮಂಚದ ಮೇಲೆಯೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂಡುತ್ತಿದ್ದೆ. ಹಾವೇರಿಗಿಂತ ಆಚೆಯ ಊರನ್ನು ಕಂಡಿರದ ನಮ್ಮ ಆಯಿಯ ಮಾತು ಎಲ್ಲಿಗೆ ಹೋಯಿತು ನೋಡಿರಿ!

ಹೋದ ವರ್ಷ ನಾನು ಹಿಟ್ಟು ನಾದುವಾಗ ಫೋನು ನೀರಿನ ಪಾತ್ರೆಗೆ ಬಿತ್ತು. ಹೊಸ ಫೋನು ಬಂತು. ಆಟದ ಗುಪ್ತಪದ ಮಾತ್ರ ಏನು ಮಾಡಿದರೂ ನೆನಪಾಗಲಿಲ್ಲ. ನನ್ನ ಮೊದಲಿನ ಕೊಡಲಿ, ನನ್ನ ಕುದುರೆ, ನನ್ನನ್ನು ಗುರುತಿಸುವ ಜನ ಎಲ್ಲ ಒಂದೇ ಏಟಿಗೆ ಹೋಯಿತು. ಬಹಳ ದಿನ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಮನಸ್ಸು ತಡೆಯದೆ ಬೇರೆ ಹೆಸರಿನಲ್ಲಿ, ಹೊಸಬಳಾಗಿ, ಮರದ ಕೋಲು ಹಿಡಿದು ಒಬ್ಬಳೇ ಅದೇ ಬಾಗಿಲಿಗೆ ಹೋದೆ. ನಾನು ಇಂಥವಳೆಂದು ಯಾರಿಗೂ ಹೇಳಲಿಲ್ಲ. ಹಸಿರು ಟೊಪ್ಪಿಗೆ ಕಾಣಲಿಲ್ಲ. ಗುರುತಿನವರು ಒಬ್ಬರೂ ಇಲ್ಲ. ಕುದುರೆಯವರು, ರೆಕ್ಕೆಯವರು ಮೊದಲಿನ ಹಾಗೆಯೇ ಮೈಮೇಲೆ ಹಾದು ಹೋದರು. ಎಲ್ಲ ಮುಗಿದುಹೋಗಿದೆ ಎಂದು ಹೊರಗೆ ಬರುವುದರಲ್ಲಿದ್ದೆ.

ಎಂದೂ ಕಾಣದ ಒಬ್ಬ ಬಿಲ್ಲುಗಾರ್ತಿ ಎದುರಿಗೆ ಬಂದು ನಿಂತಳು. ನನ್ನ ಚೀಲಕ್ಕೆ ಒಂದು ಹಿಡಿ ಸೊಪ್ಪು ಹಾಕಿದಳು. ಬೊಗಸೆ ಎಂದು ಬರೆದಳು. ಇದನ್ನು ನಿನಗೆ ಯಾರು ಕಲಿಸಿದರು ಎಂದು ಕೇಳಿದೆ. ಗೊತ್ತಿಲ್ಲ, ಇಲ್ಲಿ ಹೀಗೇ, ನಾಳೆ ನೀನೂ ಕೊಡು ಎಂದು ಬರೆದು ಓಡಿಹೋದಳು.

ನಾನು ಫೋನು ಕೆಳಗಿಟ್ಟು ಆಯಿಯ ಫೋಟೋದ ಕಡೆ ನೋಡಿದೆ. ಅವಳು ಎಂದಿನಂತೆ, ಇದರಲ್ಲೇನಿದೆ ಎಂಬ ಮುಖ ಮಾಡಿಕೊಂಡಿದ್ದಳು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಸುಜಾತಾಳ ಸಾರಿನ ಬೇಳೆ ಮನೆಯಲ್ಲಿ ಎಷ್ಟು ಸೀಟಿ ಹೊಡೆದಿತ್ತೋ ದೇವರೇ ಬಲ್ಲ. ಅವಳು ಬಟ್ಟಲು ಮುಂದೆ ಹಿಡಿದಳು. ಅದರ ತಳದಲ್ಲಿ ನಾನು ಎಣಿಸಿ ಹಾಕಿದ ನಾಲ್ಕು ಕಾಯಿ ಬಿದ್ದಿದ್ದವು. ಹೊಸ ಊರು, ಹೊಸ ಮಾತು, ಗಂಡ ಆಫೀಸಿಗೆ ಹೋದ ಮೇಲೆ ಅವಳು, ಗೋಡೆ, ಫ್ಯಾನು. ಅವಳು ಕೇಳಿದ್ದು ಬರೀ ಆಟದ ಮಾತಾಗಿರಲಿಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಡಬ್ಬಿಗೆ ಎರಡೂ ಕೈ ಹಾಕಿ ಬೊಗಸೆ ತುಂಬ ತೆಗೆದು ಸುರಿದೆ. ಬಟ್ಟಲು ತುಂಬಿ ನಾಲ್ಕಾರು ಕಾಯಿ ನೆಲಕ್ಕೂ ಬಿದ್ದವು.

"ಅಯ್ಯೋ, ನಾಲ್ಕು ಸಾಕಿತ್ತು ಅಕ್ಕಾ. ಇಷ್ಟೊಂದ್ ಯಾಕೆ ಹಾಕಿದ್ರಿ?" ಎಂದಳು.

"ನಾ ಎಲ್ಲಿ ಹಾಕೇನಿ? ನೀರು ಕುಡಿಯಾಕ ಎದ್ದೇನಿ," ಎಂದೆ. ಆ ಮಾತು ಸುಳ್ಳಾಗಬಾರದೆಂದು, ಸೀನುತ್ತಲೇ ಒಂದು ತಂಬಿಗೆ ನೀರನ್ನೂ ಕುಡಿದೆ.