ಅಪ್ಪನ ಉರ್ದು ಸಹಿ

ನನ್ನ ಸಹಿಯನ್ನು ಯಾರು ಬೇಕಾದರೂ ಮಾಡಬಹುದು. ಹೇಳಿಕೊಳ್ಳಲು ನಾಚಿಕೆ, ಆದರೂ ನಿಮ್ಮ ಮುಂದೆ ಹೇಳುತ್ತೇನೆ: ಅದನ್ನು ಎರಡು ಸಲ ಒಂದೇ ರೀತಿ ಮಾಡಲು ನನಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸೋಮವಾರದ ನಾನು ಬೇರೆ, ಶನಿವಾರದ ನಾನು ಬೇರೆ. ಸಿಂಧನೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ನನ್ನ ಸಹಿಯನ್ನು ನನಗಿಂತ ಚೆಂದಾಗಿ ಮಾಡುವ ಹುಡುಗರು ಹಿಂದಿನ ಬೆಂಚಿನಲ್ಲಿದ್ದರು. ಹಾಗಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ನನ್ನ ಹೆಸರು ಒಂದು ಕಡೆಯಾದರೂ ದುಂಡಗೆ ಕಾಣಲಿ ಎಂಬ ಆಸೆ ಇರಬೇಕು.

ನಮ್ಮ ಅಪ್ಪನದು ಹಾಗಲ್ಲ. ಅಪ್ಪ ಸಹಿ ಮಾಡುವುದೆಂದರೆ ಮನೆಯಲ್ಲಿ ಸಣ್ಣದೊಂದು ಕಾರ್ಯಕ್ರಮ. ಕಾಗದದ ಕೆಳಗೆ ಮಡಿಸಿದ ಪೇಪರು ಇಟ್ಟುಕೊಳ್ಳಬೇಕು, ಪೆನ್ನಿನ ಮುಚ್ಚಳ ತೆಗೆದು ಹಿಂದಕ್ಕೆ ಸಿಕ್ಕಿಸಬೇಕು, ಒಂದು ಸಲ ಗಂಟಲು ಸರಿ ಮಾಡಿಕೊಳ್ಳಬೇಕು. ಆಮೇಲೆ ಕೈ ಬಲಗಡೆಯಿಂದ ಎಡಗಡೆಗೆ ಹೊರಡುತ್ತಿತ್ತು. ಮೊದಲು ನೆಟ್ಟಗೆ ನಿಂತ ಒಂದು ಗೆರೆ, ಅದರ ಪಕ್ಕದಲ್ಲಿ ಸಣ್ಣ ಗಂಟು, ಬಾಗಿ ಇಳಿದ ಒಂದು ಬಳುಕು, ಕೊನೆಗೆ ಮತ್ತೆ ಮೇಲೆದ್ದು ನಿಂತ ಗೆರೆ. ಅಮರಪ್ಪ. ಅಪ್ಪ ಓದಿದ್ದು ನಿಜಾಮರ ಕಾಲದಲ್ಲಿ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು. ಕನ್ನಡ ಬರೆಯಲು ಬರುತ್ತಿತ್ತು, ಆದರೆ ಕಟ್ಟಿಗೆ ಒಡೆದ ಹಾಗೆ ಬರೆಯುತ್ತಿದ್ದರು. ಮುಂದೆ ಕಂದಾಯ ಇಲಾಖೆಯಲ್ಲಿ ಗಿರ್ದಾವರರಾಗಿ ಊರೂರು ತಿರುಗಿ ಬೆಳೆ, ಬಾಂದು, ಹೊಲದ ತಂಟೆ ನೋಡಿ ನಿವೃತ್ತರಾಗುವ ತನಕ ಅದೇ ಉರ್ದು ಸಹಿ. ಸುತ್ತಲಿನ ದಫ್ತರುಗಳೆಲ್ಲ ಕನ್ನಡವಾದವು, ಅಪ್ಪನ ಹೆಸರು ಮಾತ್ರ ಉರ್ದುವಿನಲ್ಲೇ ಉಳಿಯಿತು.

ನಾವಿದ್ದದ್ದು ಮಸ್ಕಿಯಲ್ಲಿ. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಒಬ್ಬ ಚಕ್ರವರ್ತಿ ತನ್ನ ಹೆಸರು ಕೆತ್ತಿಸಿದ್ದಾನೆ. ಅದನ್ನು ಓದಬಲ್ಲವರು ಮತ್ತೆ ಹುಟ್ಟಿ ಬರುವ ತನಕ ದನ ಕಾಯುವವರು ಆ ಬಂಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದರಂತೆ. ಬರೆಯುವುದು ಒಬ್ಬರ ಕೆಲಸ, ಓದಲಿಕ್ಕೆ ಇನ್ನೊಬ್ಬರು ಬೇಕು. ಕಾಲೇಜಿನಲ್ಲಿ ಇದನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೆ. ಇದರ ಅರ್ಥ ನನಗೆ ತಿಳಿಯತೊಡಗಿದ್ದು ಮಾತ್ರ ಎಂಬತ್ತರ ದಶಕದ ಕೊನೆಯಲ್ಲಿ, ಸಿಂಧನೂರಿನ ಒಂದು ಕಟ್ಟಿಗೆ ಅಡ್ಡೆಯ ಮುಂದೆ.

ಆಗ ನಾವು ಮನೆಯ ಹಿಂದೆ ಎರಡು ಖೋಲಿ ಕಟ್ಟಿಸುತ್ತಿದ್ದೆವು. ಬಾಗಿಲ ಚೌಕಟ್ಟಿಗೆ ಕಟ್ಟಿಗೆ ತರಿಸಿ ಅಪ್ಪ ಒಂದು ಚೆಕ್ಕು ಕೊಟ್ಟಿದ್ದರು. ಅಪ್ಪನ ಪೆನ್ಶನ್ ಖಾತೆ ಇದ್ದದ್ದು ಲಿಂಗಸುಗೂರಿನ ಬ್ಯಾಂಕಿನಲ್ಲಿ. ಒಂದು ದಿನ ನಾನು ಕಾಲೇಜು ಮುಗಿಸಿ ಬಸ್ಸಿಗೆ ಹೊರಟಿದ್ದೆ, ಅಡ್ಡೆಯ ಸಾಹುಕಾರರು ಕೂಗಿ ಕರೆದರು.

"ಸರ್, ಸಿಟ್ಟಿಗೇಳಬ್ಯಾಡ್ರಿ. ಗಿರ್ದಾವರ ಸಾಹೇಬ್ರ ಚೆಕ್ಕು ವಾಪಸ್ ಬಂದೈತ್ರಿ. ಖಾತೇದಾಗ ರೊಕ್ಕ ಇಲ್ಲಂತ."

ಅವರು ಮೆಲ್ಲಗೇ ಹೇಳಿದರು. ಆದರೆ ಹಲಗೆ ಕೊಯ್ಯುವ ಯಂತ್ರ ಅದೇ ಹೊತ್ತಿಗೆ ನಿಂತದ್ದರಿಂದ ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಗಿರ್ದಾವರಿಯಲ್ಲಿ ಯಾರ ಮನೆಯ ಚಹಾ ಸಹ ಕುಡಿಯದೆ ಹೆಸರು ಮಾಡಿದ ಮನುಷ್ಯನ ಚೆಕ್ಕು ಅದು. ಅದನ್ನು ಜೇಬಿನಲ್ಲಿಟ್ಟುಕೊಂಡು ಮಸ್ಕಿಯ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿ ಇತ್ತು, ಕೂಡಬೇಕೆನಿಸಲಿಲ್ಲ.

ಅಪ್ಪ ಮೊದಲು ನಂಬಲಿಲ್ಲ. ಮರುದಿನ ಇಬ್ಬರೂ ಲಿಂಗಸುಗೂರಿಗೆ ಹೋದೆವು. ಖಾತೆಯಿಂದ ದೊಡ್ಡ ಮೊತ್ತವೊಂದು ಹೋಗಿತ್ತು. ಅದರ ಹಿಂದೆಯೇ ಚೆಕ್ಕು ವಾಪಸಾದದ್ದಕ್ಕೆ ಒಂದು ಕಡಿತ, ಖಾತೆಯಲ್ಲಿ ಇರಬೇಕಾದಷ್ಟು ಇಲ್ಲದ್ದಕ್ಕೆ ಇನ್ನೊಂದು ಕಡಿತ. ಮನೆಗೆ ಬಂದು ಹೇಳಿದಾಗ ಅವ್ವ ಕೇಳಿದಳು: "ರೊಕ್ಕ ಇಲ್ಲಂತ ಹೇಳಿ ಮತ್ತ ರೊಕ್ಕ ಹಿಡಕೊಂತಾರ? ಇಲ್ಲದವನ ಕಡೆ ಹ್ಯಾಂಗ ಹಿಡೀತಾರಪ್ಪಾ?" ಎಂ.ಎ. ಮಾಡಿದ ನಾನು ಪಾಸ್‌ಬುಕ್ಕಿನ ಹಾಳೆ ತಿರುವುತ್ತ ಕೂತೆ.

ಮ್ಯಾನೇಜರರು ಕರಾವಳಿ ಕಡೆಯವರು, ಸಭ್ಯರು. ನಾವು ಬ್ಯಾಂಕಿಗೆ ಹೋದ ಆ ದಿನವೇ ಹಣ ತೆಗೆದ ಚೀಟಿಯನ್ನು ತರಿಸಿ ಅಪ್ಪನ ಮುಂದಿಟ್ಟಿದ್ದರು.

"ಸಹಿ ನಿಮ್ಮದೇ ಉಂಟಲ್ಲ ಸಾರ್? ನಮ್ಮ ಬ್ರಾಂಚಿನಲ್ಲಿ ಈ ಲಿಪಿ ಬೇರೆ ಯಾರು ಬರೆಯುವುದು?"

ಅಪ್ಪ ಚೀಟಿಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಅವರ ಮುಖದ ಸಿಟ್ಟು ಇಳಿದು ಅಲ್ಲಿ ಬೇರೆಯದೇ ಏನೋ ಬಂತು. "ನಂದಾ ಐತಿ," ಎಂದರು. ಚೀಟಿಯನ್ನು ಮೇಜಿನ ಮೇಲಿಟ್ಟು, "ಆದ್ರ ನಾ ಮಾಡಿಲ್ಲ."

ಮನುಷ್ಯನಿಗೆ ತನ್ನ ಮೇಲೆ ತನಗೇ ಅನುಮಾನ ಹುಟ್ಟುವುದನ್ನು ನಾನು ಎದುರಿಗೆ ಕೂತು ನೋಡಿದ್ದು ಅವತ್ತು. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಕೇಳಿದರು: "ತಮ್ಮಾ, ನನಗ ಮರುವು ಬಂದೈತೇನು? ನಾನಾ ಬಂದು ತಗೊಂಡು ಎಲ್ಯರ ಇಟ್ಟು ಮರತೀನೇನು?" ಮನೆಗೆ ಹೋಗಿ ಟ್ರಂಕು, ಹಾಸಿಗೆಯ ಕೆಳಗು, ದೇವರ ಕೋಣೆಯ ಗೋಡೆಯ ಗೂಡು ಎಲ್ಲ ಹುಡುಕಿದರು. ಸಿಗಲಿಲ್ಲ. ಸಿಗದೆ ಇದ್ದದ್ದರಿಂದ ಅಪ್ಪನಿಗೆ ಜೀವ ಬಂತು. ಹಾಗಾದರೆ ತನ್ನ ತಲೆ ಸರಿ ಇದೆ, ಯಾವನೋ ಖದೀಮ ತನ್ನ ಸಹಿ ಕಲಿತಿದ್ದಾನೆ! ಅವ್ವ ಮಾತ್ರ ಒಪ್ಪಲಿಲ್ಲ. "ಆ ಇರಿವಿ ಸಾಲಿನಂಥಾ ಸಹಿ ಯಾವನರ ಕೂತು ಕಲೀತಾನಂತ? ಕಲಿಯೂದ್ರಾಗ ಅವನಿಗೂ ಪೆನ್ಶನ್ ಬರ್ತೈತಿ" ಎಂದಳು.

ಅಪ್ಪ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಬ್ಯಾಂಕಿಗೆ ಕೊಟ್ಟ ಆ ದೂರಿನಲ್ಲಿ ಅಪ್ಪ ಅದುವರೆಗೆ ಕಾಣದ ಮನುಷ್ಯನೊಬ್ಬನನ್ನು ಕಳ್ಳ, ದಗಾಕೋರ, ಬೇಮಾನ ಎಂದೆಲ್ಲ ಕರೆದರು. ಕೆಳಗೆ ಸಹಿಯನ್ನು ಕನ್ನಡದಲ್ಲಿ ಮಾಡಲು ನಾನು ಸೂಚಿಸಿದೆ. "ಕಳ್ಳಗ ಅಂಜಿ ನನ್ನ ಹೆಸರು ಬಿಡ್ಲೇನು?" ಎಂದು ಗದರಿದರು. ಬಲದಿಂದ ಎಡಕ್ಕೆ, ಎಂದಿಗಿಂತ ಜೋರಾಗಿ, ಅಮರಪ್ಪ.

ಕಳ್ಳ ಸಿಕ್ಕ. ಸಿಕ್ಕ ಎಂದರೆ ತಪ್ಪಾದೀತು, ಆತನೇ ಬ್ಯಾಂಕಿಗೆ ನಡೆದು ಬಂದ.

ಮುಂದಿನ ತಿಂಗಳು ಮುದಗಲ್ಲಿನ ನಿವೃತ್ತ ಸಾಲಿಮಾಸ್ತರರೊಬ್ಬರು ಪೆನ್ಶನ್ನಿಗೆ ಬಂದು ಕೌಂಟರಿನಲ್ಲಿ ಹೇಳಿದರಂತೆ: "ಹೋದ ತಿಂಗಳ ನಾ ರೊಕ್ಕ ತಗೊಂಡು ಹೋಗೀನ್ರಿ. ನನ್ನ ಖಾತೇದಾಗ ಕಡಿಮಿನಾ ಆಗಿಲ್ಲ. ಯಾರ ಲೆಕ್ಕದಾಗ ಹಾಕೀರಿ, ನೋಡ್ರಿ." ಅವರ ಹೆಸರೂ ಅಮರಪ್ಪ. ಅವರೂ ಉರ್ದುವಿನಲ್ಲಿ ಸಹಿ ಮಾಡುವವರು. ನಮ್ಮ ಸೀಮೆಯಲ್ಲಿ ಅಮರಪ್ಪ ಎಂಬ ಹೆಸರಿಗೆ ಬರವಿಲ್ಲ. ಆದರೆ ಉರ್ದು ಸಹಿಯ ಅಮರಪ್ಪ ಒಬ್ಬರೇ ಎಂದು ತಿಳಿದು, ಮಾಸ್ತರು ಚೀಟಿಯಲ್ಲಿ ಬರೆಯದೆ ಬಿಟ್ಟ ಖಾತೆ ನಂಬರನ್ನು ಗುಮಾಸ್ತರು ತಾವೇ ಅಪ್ಪನದೆಂದು ತುಂಬಿ, ಹಣವನ್ನು ಅಪ್ಪನ ಲೆಕ್ಕದಲ್ಲಿ ಕಳೆದಿದ್ದರು. ಅಷ್ಟೇ ನಡೆದದ್ದು.

ಅಷ್ಟೇ ಎಂದು ನಾನು ಈಗ ಹೇಳುತ್ತೇನೆ. ಅವತ್ತು ಮ್ಯಾನೇಜರರ ಮೇಜಿನ ಮೇಲೆ ನಮ್ಮ ದೂರು ಇತ್ತು. ಆ ಲಿಪಿ ಬರೆಯುವ ಇನ್ನೊಬ್ಬ ಮನುಷ್ಯ ಕಣ್ಣಿಗೆ ಬಿದ್ದ ಕೂಡಲೆ ಅವರು ಮಾಸ್ತರರನ್ನು ಒಳಗೆ ಕೂರಿಸಿ, ಬಿಳಿ ಹಾಳೆ ಕೊಟ್ಟು, ಸಹಿ ಮಾಡಿ ಎಂದರು. ಮತ್ತೊಮ್ಮೆ ಮಾಡಿ ಎಂದರು. ಹಾಳೆ ತುಂಬುವ ತನಕ ಮಾಡಿಸಿದರು. ಪೆನ್ಶನ್ನಿನ ದಿನ, ಬ್ಯಾಂಕಿನ ತುಂಬ ಜನ. ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದರು. ಮಾಸ್ತರರ ಹತ್ತಿರ ಕಲಿತವರೂ ಅವರಲ್ಲಿದ್ದರು. ಸಂಜೆಯ ಹೊತ್ತಿಗೆ ಬ್ಯಾಂಕಿಗೆ ತನ್ನ ತಪ್ಪು ತಿಳಿಯಿತು, ಮ್ಯಾನೇಜರರು ಕ್ಷಮೆಯನ್ನೂ ಕೇಳಿದರು. ಅಷ್ಟರೊಳಗೆ ಮಾಸ್ತರರನ್ನು ಸಾಕಷ್ಟು ಜನ ಸಾಕಷ್ಟು ಹೊತ್ತು ನೋಡಿಯಾಗಿತ್ತು.

ಬ್ಯಾಂಕಿನಿಂದ ಕರೆ ಬಂದಾಗ ಅಪ್ಪ ಹೊಸ ಧೋತರ ಉಟ್ಟುಕೊಂಡು ಹೊರಟರು. ಹಣ ವಾಪಸು ಬಂದಿತ್ತು. ಎರಡು ಕಡಿತಗಳು ಮಾತ್ರ ಬಂದಿರಲಿಲ್ಲ. ಮೇಲಿನ ಕಚೇರಿಗೆ ಬರೆಯಬೇಕು, ಅದು ರೂಲ್ಸು ಎಂದರು ಮ್ಯಾನೇಜರರು. ಅಪ್ಪ ಜಗಳಕ್ಕೆ ತಯಾರಾಗಿ ಕುರ್ಚಿಯ ತುದಿಗೆ ಸರಿದರು. ಅಷ್ಟರಲ್ಲಿ ಗುಮಾಸ್ತರು ಸಮಾಧಾನ ಹೇಳಲು ಹೋಗಿ, "ಇನ್ ಮ್ಯಾಲೆ ಹಿಂಗ ಆಗಂಗಿಲ್ರಿ ಸಾಹೇಬ್ರ. ಆ ಮಾಸ್ತರು ಸಹಿ ಮಾಡೂದ ಬಿಟ್ಟಾರ್ರಿ. ಹೆಬ್ಬಟ್ಟು ಒತ್ತತೀನಿ ಅಂತ ಬರಕೊಟ್ಟು ಹೋಗ್ಯಾರ" ಎಂದರು.

ಅಪ್ಪ ಎದ್ದು ಬಂದುಬಿಟ್ಟರು. ಕಡಿತದ ಮಾತನ್ನು ಅಲ್ಲಿಂದ ಮುಂದೆ ಯಾವತ್ತೂ ಎತ್ತಲಿಲ್ಲ.

ಆ ಭಾನುವಾರ ನಾವು ಮುದಗಲ್ಲಿಗೆ ಹೋದೆವು. ಕೋಟೆಯ ಗೋಡೆಗೆ ಹತ್ತಿದಂತಿದ್ದ ಸಣ್ಣ ಮನೆ. ಮಾಸ್ತರರ ಹೆಂಡತಿ ನೀರು ಕೊಟ್ಟು ಒಳಗೆ ಹೋದರು. ಮಾಸ್ತರು ತೆಳ್ಳಗಿನ ಮನುಷ್ಯ. ಬಂದವರು ಯಾರೆಂದು ತಿಳಿದ ಮೇಲೂ ಮುಖ ಕೆಡಿಸಲಿಲ್ಲ. "ಬರ್ರಿ, ನನ್ನ ಹೆಸರಿನೋರು," ಎಂದು ಚಾಪೆ ಹಾಸಿದರು.

ಅಪ್ಪ ಚಾಪೆಯ ಅಂಚಿಗೆ ಕೂತರು. ಎಷ್ಟೋ ಊರುಗಳ ಪಂಚಾಯ್ತಿ ಮಾಡಿದ ಬಾಯಿ ಅವರದು. ಕಡೆಗೆ "ನೀವು ಸಹಿ ಬಿಟ್ಟೀರಂತ?" ಎಂದಷ್ಟೇ ಕೇಳಿದರು.

"ಹೂಂನ್ರಿ. ಹೆಬ್ಬಟ್ಟಿನ ಮ್ಯಾಲೆ ಯಾರೂ ಅನುಮಾನ ಪಡಂಗಿಲ್ಲ."

"ಮಾಸ್ತರು ಅನ್ನಿಸಿಕೊಂಡೋರು, ಹೆಬ್ಬಟ್ಟು ಒತ್ತೂದಂದ್ರ..."

"ಎಷ್ಟು ಮಂದೀಗೆ ಬೈದು ಬೈದು ಹೆಬ್ಬಟ್ಟು ಬಿಡಿಸೀನ್ರಿ ನಾ. ಅವತ್ತ ಆ ಹಾಳಿ ತುಂಬ ನನ್ನ ಹೆಸರ ಬರದ್ನೆಲ್ರಿ, ಬರೀತ ಬರೀತ ಅದು ನಂದಲ್ಲ ಅನಸಾಕ ಹತ್ತಿತು. ಕಡೀಕ ಬರದದ್ದಂತೂ ಖರೇನ ಕಳ್ಳನ ಸಹಿ ಕಂಡಂಗ ಕಂಡ್ತು."

ಅವರಿಗೆ ಸಿಟ್ಟಿದ್ದರೆ ನಮಗೆ ಸುಲಭವಾಗುತ್ತಿತ್ತು. ಅಪ್ಪ ತಲೆ ತಗ್ಗಿಸಿ ಕೂತವರು ಇದ್ದಕ್ಕಿದ್ದಂತೆ ಉರ್ದುವಿನಲ್ಲಿ ಮಾತಾಡಲು ಶುರು ಮಾಡಿದರು. ಸಂತೆಯಲ್ಲಿ ಆಡುವ ಉರ್ದು ಅಲ್ಲ, ಸಾಲಿಯಲ್ಲಿ ಕಲಿತ, ನಾನು ಅವರ ಬಾಯಲ್ಲಿ ಕೇಳಿಯೇ ಇರದ ನಯವಾದ ಉರ್ದು. ನನಗೆ ತಿಳಿದದ್ದು 'ಮಾಫ್' ಎಂಬ ಒಂದು ಮಾತು, ಅದೂ ಅಲ್ಲಲ್ಲಿ. ಉಳಿದದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಅಪ್ಪ ಜೀವನದಲ್ಲಿ ಒಂದೇ ಸಲ ಇನ್ನೊಬ್ಬರ ಮುಂದೆ ಮನಸ್ಸು ಬಿಚ್ಚಿದ್ದನ್ನು ನಾನು ಪಕ್ಕದಲ್ಲಿದ್ದೂ ಕಳೆದುಕೊಂಡೆ. ಬೆಂಚಿನ ಹುಡುಗರಿಗೆ ಭಾಷೆಯ ಮಹತ್ವ ಬೋಧಿಸುವ ಪ್ರಾಧ್ಯಾಪಕ ಚಾಪೆಯ ಮೇಲೆ ಕಿವುಡನಂತೆ ಕೂತಿದ್ದ.

ಮಾತು ಮತ್ತೆ ಕನ್ನಡಕ್ಕೆ ಬಂದ ಮೇಲೆ ಇಬ್ಬರೂ ಲಿಂಗಸುಗೂರಿನ ಒಂದೇ ಸಾಲಿಯಲ್ಲಿ, ಬೇರೆ ಬೇರೆ ವರ್ಷ, ಒಬ್ಬರೇ ಉಸ್ತಾದರ ಕೈಕೆಳಗೆ ಅಕ್ಷರ ತಿದ್ದಿದವರು ಎಂದು ಗೊತ್ತಾಯಿತು. ಅಕ್ಷರ ಒಂದೇ ಥರ ಬಂದದ್ದರಲ್ಲಿ ಆಶ್ಚರ್ಯವೇನು! ಮಾಸ್ತರರ ಹೆಂಡತಿ ಮಂಡಕ್ಕಿ ನೆನೆಸಿ ಮಾಡಿದ ಮಂಡಾಳು ಒಗ್ಗರಣಿ ತಂದಿಟ್ಟರು. ಯಾರ ಮನೆಯಲ್ಲೂ ಬಾಯಿ ಮುಟ್ಟದ ಅಪ್ಪ ಎರಡನೆಯ ಸಲ ಹಾಕಿಸಿಕೊಂಡರು. ಆದರೆ ಸಹಿಯ ವಿಷಯಕ್ಕೆ ಮಾಸ್ತರು ಜಗ್ಗಲಿಲ್ಲ. "ಅದೊಂದು ಬಿಡ್ರಿ," ಎಂದರು.

ಮುಂದಿನ ಪೆನ್ಶನ್ನಿನ ದಿನ ಇಬ್ಬರೂ ಮಾತಾಡಿಕೊಂಡೇ ಬ್ಯಾಂಕಿಗೆ ಬಂದರು. ನಾನೂ ರಜೆ ಹಾಕಿ ಹೋಗಿದ್ದೆ. ಮಾಸ್ತರು ಮೊದಲು. ಗುಮಾಸ್ತರು ಶಾಯಿಯ ಡಬ್ಬಿ ಮುಂದೆ ಸರಿಸಿದರು. ಮಾಸ್ತರು ಹೆಬ್ಬೆರಳು ಅದ್ದಿ, ಒತ್ತಿ, ಬದಿಗೆ ಸರಿದರು. ಅಪ್ಪನ ಸರದಿ ಬಂತು. ಅಪ್ಪ ಪೆನ್ನು ಜೇಬಿನಿಂದ ತೆಗೆಯಲೇ ಇಲ್ಲ, ಹೆಬ್ಬೆರಳನ್ನು ಮುಂದೆ ಚಾಚಿದರು.

ಮಾಸ್ತರು ಥಟ್ಟನೆ ಅವರ ಮಣಿಕಟ್ಟು ಹಿಡಿದರು. "ಬ್ಯಾಡ್ರಿ. ಇಬ್ರೂ ಬಿಟ್ರ ಹ್ಯಾಂಗ? ಒಬ್ರರ ಬರೀರಿ. ನಾ ನೋಡ್ತೀನಿ."

ಅಪ್ಪ ಅವರ ಮುಖ ನೋಡಿದರು. ಆಮೇಲೆ ಪೆನ್ನು ತೆಗೆದು ಬರೆದರು. ಮಾಸ್ತರು ಕತ್ತು ಚಾಚಿ, ಹುಡುಗರ ಪಾಟಿ ನೋಡುವ ಹಾಗೆ ನೋಡಿ, "ಪೇ ಅಕ್ಷರದ ಕೆಳಗ ಮೂರು ಚುಕ್ಕಿ ಎಲ್ಲೈತ್ರಿ?" ಎಂದರು.

"ಅವಸರದಾಗ ಬಿಡ್ತಿದ್ದೆ. ಬಿಟ್ಟು ಬಿಟ್ಟು ಹಂಗಾ ರೂಢಿ ಆಗೈತಿ."

"ಉಸ್ತಾದರು ಇದ್ದಿದ್ರ ಬೆರಳಿನ ಗಿಣ್ಣಿಗೆ ಬಾರಿಸ್ತಿದ್ರು. ನಾ ಒಂದು ದಿನಾನೂ ಬಿಟ್ಟಿಲ್ಲ. ಹಾಕ್ರಿ."

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಹಣ ತೆಗೆದ ಆ ಚೀಟಿಯಲ್ಲಿ ಮಾಸ್ತರರ ಸಹಿಗೆ ಮೂರು ಚುಕ್ಕಿ ಇದ್ದವು, ಅಪ್ಪನದರಲ್ಲಿ ಇರಲಿಲ್ಲ. ಓದಲು ಬರುವ ಯಾರಿಗಾದರೂ ಒಂದು ನೋಟಕ್ಕೆ ತಿಳಿಯುತ್ತಿತ್ತು. ಬ್ಯಾಂಕಿನಲ್ಲಿ ಓದುವವರಿರಲಿಲ್ಲ, ಮಗನಿಗೆ ಬರುತ್ತಿರಲಿಲ್ಲ. ಬರುತ್ತಿದ್ದ ಅಪ್ಪನಿಗೆ ಅವತ್ತು ಅಂಜಿಕೆಯಲ್ಲಿ, ಆಮೇಲೆ ಸಿಟ್ಟಿನಲ್ಲಿ ಕಾಣಲಿಲ್ಲ.

ಅಪ್ಪ ವಿಧೇಯರಾಗಿ ಮೂರು ಚುಕ್ಕಿ ಇಟ್ಟರು. ಗುಮಾಸ್ತರು ಚೀಟಿ ತೆಗೆದುಕೊಂಡು ಒಳಗೆ ಹೋಗಿ, ಹಳೆಯ ಮಾದರಿ ಸಹಿಯ ಪಕ್ಕದಲ್ಲಿಟ್ಟು ನೋಡಿ, ತಲೆ ಕೆರೆದುಕೊಂಡು ವಾಪಸು ಬಂದರು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಈ ಸಹಿ ನಿಮ್ಮದಕ್ಕ ಹೊಂದವಲ್ದ್ರಿ."

ಮಾಸ್ತರು ಅಪ್ಪನ ಕಡೆ ನೋಡಿದರು, ಅಪ್ಪ ಮಾಸ್ತರರ ಕಡೆ. ಆಮೇಲೆ ಇಬ್ಬರು ಅಮರಪ್ಪರೂ ನಗತೊಡಗಿದರು. ಆ ಬ್ಯಾಂಕಿನಲ್ಲಿ ಅಪ್ಪನ ಹೆಸರನ್ನು ಯಾರೋ ಕಣ್ಣಿಟ್ಟು ನೋಡಿದ್ದು ಅದೇ ಮೊದಲು ಇರಬೇಕು. ನೋಡುವುದಕ್ಕೆ ಅಷ್ಟು ತಡವಾಗಬಾರದಿತ್ತು. ಅಪ್ಪ ಮೇಜಿಗೆ ಆತುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ಕೈಯ ಹೆಬ್ಬೆರಳು ಇನ್ನೂ ನೀಲಿಯಾಗಿತ್ತು.