ಒಳ್ಳೆಯ ಗಾಳಿಯ ಲೇಔಟು

ನೆಂಟರು ಬರುತ್ತಾರೆಂದು ಗೊತ್ತಾದರೆ ಅಮ್ಮ ಮೊದಲು ಮಾಡುತ್ತಿದ್ದ ಕೆಲಸ ಬೀದಿ ಕಡೆಯ ಕಿಟಕಿಗಳನ್ನು ಮುಚ್ಚುವುದು. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ನಡುಮನೆಯ ಮೂಲೆಮೂಲೆಗೂ ಹಿಡಿಯುತ್ತಿದ್ದಳು. ಅಡುಗೆಯ ಯೋಚನೆ ಅದರ ನಂತರ. ರಾಮನಗರದಲ್ಲಿ ನಾವಿರುವಂಥ ರೇಷ್ಮೆ ಬೀದಿಗಳಲ್ಲಿ ಇದು ಎಲ್ಲ ಮನೆಗಳ ಪದ್ಧತಿ. ಬೀದಿಯುದ್ದಕ್ಕೂ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡುಗಳು. ನೂಲೆಲ್ಲ ಬಿಚ್ಚಿಕೊಂಡ ಮೇಲೆ ಗೂಡಿನೊಳಗೆ ಉಳಿಯುವುದು ಬೆಂದ ಹುಳ. ಅದನ್ನು ಎಣ್ಣೆಗೂ ಕೋಳಿಯ ಆಹಾರಕ್ಕೂ ಕೊಳ್ಳುವವರಿರುವುದರಿಂದ ಯಾರೂ ಎಸೆಯುವುದಿಲ್ಲ, ಬಿಸಿಲಿಗೆ ಹರಡುತ್ತಾರೆ. ಒಣಮೀನನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮರೆತಂಥ ವಾಸನೆ ಅದು.

ಬೀದಿಯವರಿಗೆ ಅದು ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ಉಸಿರಾಡಿದ್ದು ಅದನ್ನೇ ಆದ್ದರಿಂದ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಾಸನೆಯಿದೆ ಎಂದು ಅಮ್ಮನಿಗೆ ತಿಳಿಯುತ್ತಿದ್ದದ್ದು ಬಂದವರ ಮುಖ ನೋಡಿ. ಮುಖ್ಯವಾಗಿ, ಮೈಸೂರಿನಲ್ಲಿದ್ದ ಅವಳ ಅಕ್ಕನ ಮುಖ ನೋಡಿ. ದೊಡ್ಡಮ್ಮ ವರ್ಷಕ್ಕೆ ಒಂದೆರಡು ಬಾರಿ ಬರುತ್ತಿದ್ದರು, ಯಾವಾಗಲೂ ರೇಷ್ಮೆ ಸೀರೆಯಲ್ಲಿ. ನಮ್ಮ ಹೊಸಿಲು ದಾಟುವ ಮೊದಲೇ ಆ ಸೀರೆಯ ಸೆರಗು ಅವರ ಮೂಗಿನ ಮೇಲೆ ಏರಿರುತ್ತಿತ್ತು. ಹೊರಡುವವರೆಗೂ ಅದು ಅಲ್ಲಿಂದ ಇಳಿಯುತ್ತಿರಲಿಲ್ಲ. ಊಟ ಮಾಡುತ್ತಿರಲಿಲ್ಲ. ‘ಹೊಟ್ಟೆ ಸರಿ ಇಲ್ಲ ಕಣೇ’ ಎನ್ನುತ್ತಿದ್ದರು. ಅವರ ಹೊಟ್ಟೆ ನಮ್ಮ ಮನೆಯಲ್ಲಿ ಮಾತ್ರ ಕೆಡುತ್ತಿತ್ತು. ಅಮ್ಮ ಮಾಡಿಟ್ಟ ಒಬ್ಬಟ್ಟನ್ನು ಅವರು ಹೋದ ಮೇಲೆ ಅಪ್ಪ, ಅಮ್ಮ, ನಾನು ಮೂವರೇ ತಿನ್ನುತ್ತಿದ್ದೆವು.

ಈಚಿನ ವರ್ಷಗಳಲ್ಲಿ ಬೀದಿ ಬದಲಾಗತೊಡಗಿತು. ಒಂದು ಶೆಡ್ಡಿದ್ದ ಜಾಗದಲ್ಲಿ ಜಿಮ್ ಬಂತು. ಅದರ ಬೋರ್ಡಿನ ಮೇಲಿರುವ ತೋಳು ಈ ಊರಿನ ಯಾರದ್ದೂ ಅಲ್ಲ. ಇನ್ನೊಂದು ಶೆಡ್ಡಿನ ಜಾಗದಲ್ಲಿ ಮೂರಂತಸ್ತಿನ ಬಾಡಿಗೆ ಕಟ್ಟಡ ಎದ್ದು, ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಹುಡುಗರು ಅದರ ತುಂಬ ಸೇರಿಕೊಂಡರು. ಮೂಲೆಯ ಹಿಟ್ಟಿನ ಗಿರಣಿ ಕರಿದ ಕೋಳಿಯ ಅಂಗಡಿಯಾಯಿತು. ಏರಿಯಾ ಕೆಟ್ಟುಹೋಯಿತು ಎಂದು ಎಲ್ಲರೂ ಹೇಳತೊಡಗಿದರು. ಯಾರಿಂದ ಕೆಟ್ಟಿತು ಎಂದು ಕೇಳಿದರೆ ದನಿ ತಗ್ಗಿಸಿ, ಗದ್ದದಿಂದ ಅತ್ತ ಕಡೆ ತೋರಿಸುತ್ತಿದ್ದರು. ಅತ್ತ ಕಡೆ ಇದ್ದದ್ದು ತಲೆಮಾರುಗಳಿಂದ ಅಲ್ಲೇ ಇದ್ದ ಮುಸ್ಲಿಂ ಮನೆಗಳು, ಮತ್ತು ಹಾಗೆ ತೋರಿಸುವವರೇ ತಮ್ಮ ಮಾಳಿಗೆಗಳನ್ನು ಬಾಡಿಗೆಗೆ ಕೊಟ್ಟಿದ್ದ ಹುಡುಗರು. ಬಾಡಿಗೆ ಬರಬೇಕು, ಬಾಡಿಗೆದಾರ ಕಣ್ಣಿಗೆ ಬೀಳಬಾರದು. ಇಂಥ ಬುದ್ಧಿಗೆ ಅವರು ಮರ್ಯಾದೆ ಎಂದು ಹೆಸರಿಟ್ಟಿದ್ದರು.

ಇದರಲ್ಲಿ ಎಲ್ಲರಿಗಿಂತ ಮುಂದಿದ್ದವರು ನನ್ನ ಚಿಕ್ಕಪ್ಪ. ಅಜ್ಜನ ಮನೆಯನ್ನು ಎರಡು ಪಾಲು ಮಾಡಿದಾಗ ಅವರಿಗೆ ಒಂದು ಪಾಲು ಬಂದಿತ್ತು. ಪಕ್ಕದ ಶೆಡ್ಡಿನ ಹೊಗೆಯಿಂದ ಮಕ್ಕಳಿಗೆ ಕೆಮ್ಮು ಬರುತ್ತದೆಂದು ಅವರೇ ಓಡಾಡಿ, ಬೀದಿಯವರನ್ನು ಸೇರಿಸಿಕೊಂಡು, ನಗರಸಭೆಗೆ ದೂರು ಕೊಟ್ಟು ಆ ಶೆಡ್ಡನ್ನು ಊರಾಚೆ ಕಳಿಸಿದರು. ಶೆಡ್ಡು ಹೋದ ಮೇಲೂ ಏರಿಯಾ ಅವರಿಗೆ ಸರಿಬರಲಿಲ್ಲ. ತಮ್ಮ ಪಾಲನ್ನು ಜಿಮ್‌ನವನಿಗೇ ಮಾರಿ, ಮಾಗಡಿ ರಸ್ತೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಕೊಂಡರು. ಅಂದಿನಿಂದ ನಮ್ಮ ಮನೆಗೆ ಬಂದಾಗಲೆಲ್ಲ ಹೊಸಿಲಲ್ಲಿ ನಿಂತು ಬೀದಿಯನ್ನು ಒಮ್ಮೆ ನೋಡಿ ‘ಚ್ಚು’ ಎನ್ನುತ್ತಿದ್ದರು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರ ಹಾಗೆ.

ನಮ್ಮ ಪಾಲಿನ ಮನೆಯನ್ನು ಅಜ್ಜಿ ಸಾಯುವ ಮುಂಚೆ ನನ್ನ ಹೆಸರಿಗೆ ಬರೆದಿದ್ದಳು. ಅದಕ್ಕೆ ಕಾರಣ ಪ್ರೀತಿಯಲ್ಲ. ತನ್ನ ಗಂಡುಮಕ್ಕಳಲ್ಲಿ ಒಬ್ಬ ಯಾರು ಏನೆಂದರೂ ಹೂಂ ಎನ್ನುವವನು, ಇನ್ನೊಬ್ಬ ಕೈಗೆ ಸಿಕ್ಕಿದ್ದನ್ನು ಮಾರುವವನು ಎಂದು ಅವಳಿಗೆ ಗೊತ್ತಿತ್ತು. ಹೂಂ ಎನ್ನುವವರು ನನ್ನ ಅಪ್ಪ. ಹೀಗಾಗಿ, ಮನೆ ಮಾರಿ ಚಿಕ್ಕಪ್ಪನ ಲೇಔಟಿಗೆ ಹೋಗುವ ಮಾತು ಎದ್ದಾಗ ಸಹಿ ನನ್ನದೇ ಆಗಬೇಕಿತ್ತು.

ಹೋಗಬೇಕೆಂಬ ಆಸೆ ಅಮ್ಮನದು. ಅವಳಿಗೆ ಜಿಮ್ಮಿನ ಮೇಲೂ ಬಾಡಿಗೆ ಹುಡುಗರ ಮೇಲೂ ಏನೂ ಸಿಟ್ಟಿರಲಿಲ್ಲ. ಆ ಹುಡುಗರಲ್ಲಿ ಒಬ್ಬನಿಗೆ ಜ್ವರ ಬಂದಾಗ ಗಂಜಿ ಕಳಿಸಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ.

‘ಅಕ್ಕ ಬಂದ್ರೆ ಒಂದ್ಸಲನಾದ್ರೂ ಮೂಗ್ ಮುಚ್ಕೊಳ್ದೆ ಕೂತು, ನಾನ್ ಮಾಡಿದ್ ಊಟ ಉಂಡೋಗ್ಬೇಕು ಕಣೇ. ಅಂಥ ಒಂದ್ ಮನೆ ಸಾಕು’ ಎಂದಳು. ಇದನ್ನು ಹೇಳುವಾಗ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ.

ದೊಡ್ಡಮ್ಮನ ಬಗ್ಗೆ ನನಗನ್ನಿಸುತ್ತಿದ್ದದ್ದನ್ನು ನುಂಗಿಕೊಂಡು, ಮೊರದ ಇನ್ನೊಂದು ಬದಿಗೆ ಕೂತು ನಾನೂ ಅಕ್ಕಿ ಆರಿಸತೊಡಗಿದೆ.

ಆ ಬೇಸಿಗೆ ನಾನು ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿ ಕೆಲವು ವಾರ ಅಲ್ಲಿನ ಹಾಸ್ಟೆಲಿನಲ್ಲಿ ಉಳಿದಿದ್ದೆ. ವಾಪಸು ಬಂದ ದಿನ ಚಿಕ್ಕಪ್ಪ ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಸ್ಟೇಷನ್ನಿಗೇ ಬಂದಿದ್ದರು. ಮನೆಗೂ ಹೋಗಗೊಡದೆ ನೇರ ಸೈಟು ನೋಡಲು ಕರೆದೊಯ್ದರು.

ಲೇಔಟಿನ ಇಂಗ್ಲಿಷ್ ಹೆಸರಿನಲ್ಲಿ ಹಸಿರೂ ಇತ್ತು, ತಂಗಾಳಿಯೂ ಇತ್ತು. ಕೆಲವು ವರ್ಷಗಳ ಹಿಂದಿನವರೆಗೂ ರಾಗಿ ಬೆಳೆಯುತ್ತಿದ್ದ ಹೊಲ ಅದು. ಈಗ ಅದಕ್ಕೊಂದು ಕಮಾನು, ಕಮಾನಿನ ಮೇಲೆ ಸಿಮೆಂಟಿನ ಎರಡು ಆನೆ, ಕೆಳಗೆ ಒಬ್ಬ ಕಾವಲುಗಾರ. ಸುತ್ತ ಎತ್ತರದ ಕಾಂಪೌಂಡು, ಅದರಾಚೆ ನೀಲಗಿರಿ ಮರಗಳ ಸಾಲು. ದೂರದಲ್ಲಿದ್ದ ಒಂದು ಬಂಡೆಯನ್ನು ಚಿಕ್ಕಪ್ಪ ತೋರಿಸಿದರು.

‘ನೋಡವ್ವ, ಸಾವನದುರ್ಗ. ಮಾಳ್ಗೆ ಮ್ಯಾಲ್ ನಿಂತ್ಕಂಡ್ರೆ ಕಾಪಿ ಕುಡೀತಾ ನೋಡ್ಬೋದು.’

ಅದು ಸಾವನದುರ್ಗವಲ್ಲ. ನಮ್ಮ ತಾಲೂಕಿನಲ್ಲಿ ಬಂಡೆಗಳಿಗೇನೂ ಕೊರತೆಯಿಲ್ಲ, ಸೈಟು ಮಾರುವವರಿಗೆ ಎಲ್ಲವೂ ಸಾವನದುರ್ಗವೇ.

‘ಬಂಡೆ ಆಮ್ಯಾಕೆ ನೋಡೋರಂತೆ’ ಎಂದು ಚಿಕ್ಕಪ್ಪ ಖಾಲಿ ಸೈಟಿನ ಮಧ್ಯೆ ಅಮ್ಮನನ್ನು ನಿಲ್ಲಿಸಿದರು. ‘ಅತ್ಗೆ, ಒಂದ್ಸಲ ಉಸ್ರು ಎಳ್ಕಂಡ್ ನೋಡಿ. ಇದುಕ್ಕೇ ಕಾಸು ಕೊಡ್ಬೇಕು.’

ಅಮ್ಮ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಅವಳ ಮುಖ ಅಷ್ಟು ನಿರಾಳವಾಗಿದ್ದನ್ನು ನಾನು ಕಂಡದ್ದು ಅಪರೂಪ. ‘ಎಂಥಾ ಗಾಳಿ’ ಎಂದಳು. ಅಪ್ಪ ಹೂಂ ಎಂದರು. ಬಿಳಿ ಬೂಟು ಹಾಕಿಕೊಂಡು ನಡೆದು ಹೋಗುತ್ತಿದ್ದ ಅಲ್ಲಿನ ನಿವಾಸಿಯೊಬ್ಬರು, ನಮ್ಮ ಪಕ್ಕದ ಬೀದಿಯಿಂದ ಬಂದವರೇ, ಯಾರೂ ಕೇಳದಿದ್ದರೂ ನಿಂತು ಹೇಳಿದರು: ‘ಇಲ್ಲಿಗ್ ಬಂದ್ಮ್ಯಾಕೆ ನನ್ ಉಬ್ಸಾನೇ ಹೊಂಟೋಯ್ತು ಕಣ್ರೀ.’

ನಾನೂ ಉಸಿರೆಳೆದುಕೊಂಡೆ. ಮೈಸೂರಿನಲ್ಲಿ ಅಷ್ಟು ದಿನ ಇದ್ದು ಬಂದ ಮೂಗು ನನ್ನದು. ಮೊದಲ ಉಸಿರಿಗೇ ಗೊತ್ತಾಯಿತು. ನೀಲಗಿರಿಯ ಘಾಟಿನ ಕೆಳಗೆ ಸ್ಪಷ್ಟವಾಗಿ, ತಪ್ಪುವ ಮಾತೇ ಇಲ್ಲದಂತೆ, ಬೆಂದ ಹುಳದ ವಾಸನೆ.

‘ಚಿಕ್ಕಪ್ಪ, ಇಲ್ಲಿ ಹುಳದ ವಾಸನೆ ಬರ್ತಿದೆ.’

ಚಿಕ್ಕಪ್ಪ ಹೊಟ್ಟೆ ಕುಲುಕಿಸಿ ನಕ್ಕರು. ‘ಅದು ನಿನ್ ಮೂಗಲ್ಲೇ ಐತೆ ಕಣವ್ವ! ಹುಟ್ಟಿದಾಗಿಂದ ತುಂಬ್ಕಂಡಿರೋದು ಎಲ್ಲೋದಾತು? ನಾವೂ ಇಲ್ಲೇ ಇದ್ದೀವಲ್ಲ, ನಮಗ್ಯಾಕ್ ಬರಕಿಲ್ಲ?’

‘ಓದಿ ಓದಿ ಮೂಗೂ ಕೆಟ್ಟೋಗೈತೆ’ ಎಂದು ಬಿಳಿ ಬೂಟಿನವರೂ ನಕ್ಕರು.

ನಾನು ಸುತ್ತಲಿನ ಮನೆಗಳನ್ನು ನೋಡಿದೆ. ಅಲ್ಲಿ ಮನೆ ಕಟ್ಟಿದ್ದ ಪ್ರತಿಯೊಬ್ಬರನ್ನೂ ನಾನು ಗುರುತಿಸಬಲ್ಲವಳಾಗಿದ್ದೆ. ಎಲ್ಲರೂ ರೇಷ್ಮೆ ಬೀದಿಗಳಿಂದಲೇ ಬಂದವರು. ಎಲ್ಲರೂ ಗಾಳಿ ನೋಡಿ ಸೈಟು ಕೊಂಡವರು. ಗಾಳಿ ಹೇಗಿದೆ ಎಂದು ಹೇಳಲು ಜಗತ್ತಿನಲ್ಲಿ ಯಾರಿಗೆ ಸಾಧ್ಯವಿಲ್ಲವೋ ಅಂಥವರೇ ಒಬ್ಬೊಬ್ಬರಾಗಿ ಬಂದು, ಉಸಿರೆಳೆದು, ತಲೆದೂಗಿ, ಮುಂಗಡ ಕೊಟ್ಟು ಹೋಗಿದ್ದರು.

ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ನನ್ನ ಮೂಗೂ ಎಂದಿನಂತಾಯಿತು. ಪಾಠ ಮಾಡಲು ದಿನವೂ ಚನ್ನಪಟ್ಟಣದ ಕಾಲೇಜಿಗೆ ಹೋಗಿ ಬರುವಾಗ, ಸಂಜೆ ಬಸ್ಸಿಳಿದು ನಮ್ಮ ಬೀದಿಗೆ ತಿರುಗುವಲ್ಲಿ ಆ ವಾಸನೆ ಒಮ್ಮೆ ತಗಲುತ್ತಿತ್ತು. ಮನೆ ಬಾಗಿಲು ಮುಟ್ಟುವಷ್ಟರಲ್ಲಿ ಇಲ್ಲ. ಲೇಔಟಿನಲ್ಲಿ ಬಂದದ್ದು ನಿಜವೋ ಭ್ರಮೆಯೋ ಎಂದು ನನಗೇ ಅನುಮಾನ ಶುರುವಾಯಿತು.

ಅನುಮಾನ ಕಳೆದವರು ಪಕ್ಕದ ಮುಸ್ಲಿಂ ಮನೆಯ ಚಾಚಿ. ಚಿಕ್ಕಪ್ಪ ಊರಾಚೆ ಕಳಿಸಿದ್ದು ಅವರ ಶೆಡ್ಡನ್ನೇ. ಶೆಡ್ಡು ಹೋದರೂ ಮನೆ ಅಲ್ಲೇ ಇತ್ತು. ಹಿತ್ತಲ ಗೋಡೆಯ ಮೇಲೆ ಅವರಿಗೂ ಅಮ್ಮನಿಗೂ ನಡೆಯುತ್ತಿದ್ದ ಮಾತೂ ನಿಂತಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಗೋಡೆಗೆ ಮೊಣಕೈ ಊರಿ, ನಾವು ಹೋಗಬಹುದೆಂಬ ಸುದ್ದಿ ಹೇಳಿದಳು. ಯಾವ ಲೇಔಟು ಎಂದು ಕೇಳಿದ ಚಾಚಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

‘ಅರೆ, ಆ ನೀಲಗಿರಿ ತೋಪಿನ್ ಹತ್ರದ್ದಾ? ತೋಪಿನ್ ಆಕಡೆ ನಮ್ ಹುಡುಗ್ರುದೇ ಶೆಡ್ಡು ಕಣಮ್ಮ! ಇಲ್ಲಿಂದ ಎಬ್ಬಿಸಿದ್ರಲ್ಲ, ಎಲ್ಲಾರೂ ಅಲ್ಲೇ ಹೋಗಿ ಹಾಕವ್ರೆ. ಹುಳ ಒಣಗ್ಸೋದೂ ಅಲ್ಲೇ, ಕಾಂಪೌಂಡ್ ಪಕ್ಕಕ್ಕೇ. ನಿಮ್ ಮೈದ್ನ ನಮ್ನ ಓಡ್ಸಿ, ಹಿಂದೇನೇ ಬಂದ್ಬುಟ್ಟವ್ರಾ?’

ನಾನು ಅಮ್ಮನ ಮುಖ ನೋಡಿದೆ. ಅಮ್ಮ ನಗಲಿಲ್ಲ.

‘ಅಷ್ಟ್ ದೊಡ್ಡ ಗೋಡೆ ಐತೆ, ಮರ ಐತೆ. ಅಲ್ಲಿಗಂಟ ಎಲ್ ಬತ್ತದೆ ಬುಡಿ’ ಎಂದಳು. ‘ನಾನೇ ನಿಂತ್ಕಂಡ್ ನೋಡಿದ್ದೀನಲ್ಲ. ಒಸಿನೂ ಇಲ್ಲ.’

ಅಮ್ಮ ದಡ್ಡಿಯಲ್ಲ. ಅವಳಿಗೆ ಆ ಗಾಳಿ ಬೇಕಿತ್ತು, ಅಷ್ಟೇ. ನನ್ನ ಮಾತನ್ನು ನಂಬುವುದಿಲ್ಲ, ಚಾಚಿಯ ಮಾತನ್ನೂ ನಂಬುವುದಿಲ್ಲ. ಅವಳು ನಂಬುವ ಮೂಗು ಒಂದೇ ಇತ್ತು. ಆ ಮಧ್ಯಾಹ್ನವೇ ನಾನು ಹೇಳಿದೆ: ‘ಸಹಿ ಹಾಕ್ತೀನಿ ಅಮ್ಮ. ಆದರೆ ಮುಂಗಡ ಕೊಡೋದಕ್ಕೆ ಮುಂಚೆ ದೊಡ್ಡಮ್ಮ ಒಂದು ಸಲ ಬಂದು ನೋಡಲಿ.’

ಅಕ್ಕನಿಗೆ ನಾನು ಗೌರವ ಕೊಡುತ್ತಿದ್ದೇನೆಂದು ಅಮ್ಮ ತಿಳಿದುಕೊಂಡಳು. ನಾನು ತಿದ್ದಲಿಲ್ಲ. ದೊಡ್ಡಮ್ಮನ ಸೆರಗು ಏಳದಿದ್ದರೆ ನಿಜಕ್ಕೂ ಸಹಿ ಹಾಕುವುದೆಂದು ತೀರ್ಮಾನಿಸಿಕೊಂಡಿದ್ದೆ. ಅಮ್ಮನ ಆಸೆ ಅಲ್ಲಿ ಈಡೇರುವುದಾದರೆ, ಸಿಮೆಂಟಿನ ಆನೆಗಳನ್ನೂ ಬಿಳಿ ಬೂಟಿನವರನ್ನೂ ಸಹಿಸಿಕೊಳ್ಳುವುದು ನನಗೆ ಬಿಟ್ಟ ವಿಷಯ.

ದೊಡ್ಡಮ್ಮ ಬಂದದ್ದು ಭಾನುವಾರ. ಕಾರಿನ ಗಾಜು ಏರಿಸಿಕೊಂಡೇ ಕಮಾನು ದಾಟಿದರು. ಚಿಕ್ಕಪ್ಪ ಎಳನೀರು ಕೊಚ್ಚಿಸಿ ಇಟ್ಟುಕೊಂಡು ಕಾಯುತ್ತಿದ್ದರು. ಅಮ್ಮ ಸೈಟಿನ ನಡುವೆ, ಅಡುಗೆಮನೆ ಎಲ್ಲಿ ಬರಬೇಕೆಂದು ಅವಳೇ ಗುರುತು ಮಾಡಿಕೊಂಡಿದ್ದ ಜಾಗದಲ್ಲಿ ನಿಂತಿದ್ದಳು.

ಕಾರಿನ ಬಾಗಿಲು ತೆರೆಯಿತು. ಹಸಿರು ರೇಷ್ಮೆ ಸೀರೆ ಇಳಿಯಿತು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಡಲಿಲ್ಲ. ಕೈ ತನ್ನಷ್ಟಕ್ಕೆ ಮೇಲೆ ಹೋಯಿತು, ಸೆರಗು ಮೂಗಿಗೆ ಏರಿತು.

‘ಇದೇನೇ ಇದು! ನಿಮ್ಮ ಬೀದೀನ ಇಲ್ಲಿಗೂ ಹೊತ್ಕೊಂಡು ಬಂದಿದ್ದೀರಾ?’

‘ಇವತ್ತೊಂದಿನ ಗಾಳಿ ಒಸಿ ತಿರಿಕ್ಕಂಡೈತೆ ಅಷ್ಟೇಯ’ ಎಂದರು ಚಿಕ್ಕಪ್ಪ. ‘ಯಾರೋ ಹೊಲುಕ್ಕೆ ಗೊಬ್ರ ಹಾಕವ್ರೆ. ಎಳ್ನೀರ್ ಕುಡೀರಿ ಅಕ್ಕಾರೆ, ಸರೋಯ್ತದೆ.’

‘ಗೊಬ್ಬರ ಅಲ್ಲಪ್ಪ, ಅದೇ ದರಿದ್ರ ಹುಳ. ನನಗೆ ಗೊತ್ತಿಲ್ವೇ? ಪಾಪ, ನಮ್ಮ ತಂಗಿಗೆ ಎಲ್ಲಿ ಹೋದರೂ ಇದೇ ಹಣೆಬರಹ.’

ನಾನು ಗೆದ್ದಿದ್ದೆ. ಆದರೆ ಅಮ್ಮನ ಕಡೆ ನೋಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಇನ್ನೂ ಆ ಅಡುಗೆಮನೆಯ ಜಾಗದಲ್ಲೇ ನಿಂತಿದ್ದಳು. ಮತ್ತೊಮ್ಮೆ ಉಸಿರೆಳೆದಳು, ಈ ಬಾರಿ ಕಣ್ಣು ಬಿಟ್ಟುಕೊಂಡು. ವಾಸನೆಯೇನೂ ತಿಳಿಯಲಿಲ್ಲವೆಂದು ಮುಖದಲ್ಲೇ ಗೊತ್ತಾಯಿತು. ಆಮೇಲೆ ನಿಧಾನವಾಗಿ ಅಕ್ಕನ ಎದುರಿಗೆ ಬಂದಳು.

‘ಒಸಿ ಸೆರಗ್ ಇಳ್ಸಕ್ಕ’ ಎಂದಳು.

‘ಯಾಕೆ?’

‘ಮೂಗಿಗ್ ಹಿಡ್ಕೊಂಡಿದ್ದೀಯಲ್ಲ, ಅದೂ ಆ ಹುಳದ್ದೇಯ. ಹಬ್ಬುಕ್ಕೆ ಮದ್ವೆಗೆ ಮೈತುಂಬ ಸುತ್ಕಂತೀಯ. ಆಗ ನಾರಕಿಲ್ವಾ?’

ಅಪ್ಪ ಅಭ್ಯಾಸಬಲದಿಂದ ಹೂಂ ಎಂದರು. ಚಿಕ್ಕಪ್ಪ ಎಳನೀರಿನ ಬುರುಡೆಗಳನ್ನು ಹಿಡಿದುಕೊಂಡು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತರು. ಅವರು ಈಗಲೂ ಆ ಲೇಔಟಿನಲ್ಲೇ ಇದ್ದಾರೆ, ಈಗಲೂ ಅಲ್ಲಿನ ಗಾಳಿಯನ್ನು ಹೊಗಳುತ್ತಾರೆ. ಅದು ಸುಳ್ಳಲ್ಲ, ಅವರ ಮೂಗಿಗೆ ಅದು ನಿಜವೇ. ಇಂಥವರಿಗೆ ಮೋಸ ಮಾಡಲು ಬೇರೆಯವರು ಬೇಕಾಗುವುದಿಲ್ಲ.

ನಾನು ಸಹಿ ಹಾಕಲಿಲ್ಲ, ಯಾರೂ ಕೇಳಲೂ ಇಲ್ಲ. ನಾವು ಬೀದಿಯಲ್ಲೇ ಉಳಿದದ್ದು ಬೀದಿಯ ಮೇಲಿನ ಪ್ರೀತಿಯಿಂದಲ್ಲ. ನನಗೆ ಅಂಥ ಪ್ರೀತಿಯೇನೂ ಇಲ್ಲ. ಜಿಮ್ಮಿನ ಹಾಡು ಬೆಳಗಾಗುತ್ತಲೇ ಗೋಡೆ ಅದುರಿಸುತ್ತದೆ, ಕೋಳಿ ಅಂಗಡಿಯವನು ಕರಿದ ಎಣ್ಣೆಯನ್ನು ಚರಂಡಿಗೆ ಸುರಿಯುತ್ತಾನೆ. ಆದರೆ ಇಲ್ಲಿ ಯಾರೂ ಕಮಾನು ಕಟ್ಟಿ ತಂಗಾಳಿ ಎಂದು ಬರೆಸಿಲ್ಲ.

ಅಂದು ಲೇಔಟಿನಿಂದ ಎಲ್ಲರೂ ನಮ್ಮ ಮನೆಗೆ ಬಂದೆವು. ನಾನು ಅಭ್ಯಾಸದಂತೆ ಕಿಟಕಿ ಮುಚ್ಚಲು ಹೋದೆ.

‘ಇರ್ಲಿ ಬುಡು’ ಎಂದಳು ಅಮ್ಮ, ಅಡುಗೆಮನೆಯಿಂದಲೇ.

ಸಾಂಬ್ರಾಣಿಯನ್ನೂ ಹಾಕಲಿಲ್ಲ. ಬೀದಿಯ ಕೊನೆಯಲ್ಲಿ ಉಳಿದಿದ್ದ ಶೆಡ್ಡುಗಳಲ್ಲಿ ಅಂದು ಕೆಲಸ ನಡೆದಿತ್ತು. ದೊಡ್ಡಮ್ಮ ಕುರ್ಚಿಯ ಅಂಚಿನಲ್ಲಿ, ಸೆರಗು ಹಿಡಿದೇ ಕೂತರು. ಅಮ್ಮ ಬಿಸಿ ಕಾಫಿಯ ಲೋಟವನ್ನು ತಂದು ಅವರ ಖಾಲಿ ಕೈಗೆ ಕೊಟ್ಟಳು. ಕೆಳಗಿಡಲು ಹತ್ತಿರದಲ್ಲಿ ಸ್ಟೂಲಿರಲಿಲ್ಲ. ಅದನ್ನು ಆಗಲೇ ಒಳಗೆ ಒಯ್ದಿದ್ದಳು. ಸುಡುತ್ತಿದ್ದ ಲೋಟವನ್ನು ಒಂದೇ ಕೈಯಲ್ಲಿ ಹಿಡಿಯಲಾಗದೆ ದೊಡ್ಡಮ್ಮ ಸೆರಗು ಬಿಟ್ಟು ಎರಡನೆಯ ಕೈಯನ್ನೂ ತರಬೇಕಾಯಿತು.

ಅಮ್ಮ ಎದುರಿಗೆ ಕೂತು, ಅವರು ಪೂರ್ತಿ ಕುಡಿಯುವವರೆಗೂ ನೋಡಿದಳು.